ಜಾಡಿಗೆ ಬೀಳದ ಬೀಜ

ಸ್ಟೆಲ್ಲಾ, ಕಾಳಮ್ಮಜ್ಜಿಯ ಬೆನ್ನಿನ ಹುಣ್ಣು ತೊಳೆದವಳು ನಾನಲ್ಲ. ನಿನ್ನ ಅಮ್ಮ. ನಲವತ್ತು ದಿನದ ಆ ತಪಸ್ಸುಕಾಲದುದ್ದಕ್ಕೂ, ಆಮೇಲೆ ಅಜ್ಜಿ ಕಣ್ಣು ಮುಚ್ಚುವವರೆಗೂ, ತೊಳೆದವಳು ಫಿಲೋಮಿನಾ. ಶಾಲು ಹೊದಿಸಿಕೊಂಡವಳು ನಾನು.

ಇಷ್ಟು ಬರೆಯಲು ನನಗೆ ಇಪ್ಪತ್ತೆಂಟು ವರ್ಷ ಬೇಕಾಯಿತು. ನೆನಪಿರುವುದನ್ನಷ್ಟೇ ಬರೆಯುತ್ತೇನೆ. ಎಲ್ಲಿ ನೆನಪು ಮಸುಕಾಗಿದೆಯೋ ಅಲ್ಲಿ ನನಗೆ ಅನುಕೂಲವಾಗುವಂತೆ ಏನನ್ನೂ ಸೇರಿಸುವುದಿಲ್ಲ.

ಆಗ ನಾನು ಶಾಲೆಯಲ್ಲಿ ಟೀಚರು; ಸುಂಟಿಕೊಪ್ಪದಾಚೆಯ ನಮ್ಮ ಚಿಕ್ಕ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೆ. ಯೇಸು ಎದ್ದು ಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನ ಶುರುವಾದಾಗ, ಪರಲೋಕದ ಸಂಪತ್ತು ಎಂದರೇನೆಂದು ಮಕ್ಕಳ ಕಣ್ಣಿಗೆ ಕಾಣಿಸಬೇಕು ಎನ್ನಿಸಿತು. ಪೀಠದ ಪಕ್ಕ ಒಂದು ದೊಡ್ಡ ಗಾಜಿನ ಜಾಡಿ ಇಟ್ಟೆ. ಮನೆಯಲ್ಲಿ ಯಾರಾದರೂ ಗುಟ್ಟಾಗಿ ಒಂದು ಒಳ್ಳೆಯ ಕೆಲಸ ಮಾಡಿದರೆ, ಯಾರಿಗೂ ಹೇಳದೆ, ಒಂದು ಒಣಗಿದ ಕಾಫಿ ಬೀಜವನ್ನು ಅದರೊಳಗೆ ಹಾಕಬೇಕು. ಫಾದರ್‌ಗೆ ಇದು ಬಹಳ ಹಿಡಿಸಿತು. ಜನರಿಂದ ಹೊಗಳಿಸಿಕೊಂಡವನಿಗೆ ಬರಬೇಕಾದದ್ದು ಇಲ್ಲಿಯೇ ಬಂದುಬಿಟ್ಟಿತು, ಗುಟ್ಟಾಗಿ ಮಾಡಿದ್ದಷ್ಟೇ ದೇವರ ಹತ್ತಿರ ಉಳಿಯುತ್ತದೆ ಎಂದು ಅವರು ಆ ಭಾನುವಾರದ ಪೂಜೆಯಲ್ಲಿ ಹೇಳಿದರು. ನಿನ್ನ ಅಮ್ಮ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಿದ್ದಳು.

ಕಾಫಿ ಬೀಜ — ನಮ್ಮಲ್ಲಿ ಅದಕ್ಕಿಂತ ಸುಲಭವಾಗಿ ಸಿಗುವುದು ಏನಿದೆ ಎಂದುಕೊಂಡಿದ್ದೆ. ನಮ್ಮ ಮನೆಯ ಅಂಗಳದಲ್ಲಿ ನಮ್ಮದೇ ಎರಡೆಕರೆಯ ಬೀಜ ಒಣಗುತ್ತಿತ್ತು. ನಿನ್ನ ಅಮ್ಮನಂತೆ ಎಸ್ಟೇಟಿನ ಕೂಲಿ ಲೈನ್ ಮನೆಗಳಲ್ಲಿರುವವರು ದಿನವಿಡೀ ಕೊಯ್ದರೂ ಒಂದು ಬೀಜವೂ ಅವರದಲ್ಲ. ಸಂಜೆ ಹೆಂಗಸರು ವಾಚ್‌ಮ್ಯಾನ್ ಎದುರು ಮಡಿಲು ಕೊಡವಿ ತೋರಿಸಿಯೇ ಮನೆಗೆ ಹೋಗಬೇಕು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಅದೇ ವಾರ ಫಾದರ್ ಕಾಳಮ್ಮಜ್ಜಿಯ ವಿಷಯ ಎತ್ತಿದರು. ಲೈನಿನ ಕೊನೆಯ ಮನೆಯ ಮುದುಕಿ, ನಮ್ಮ ಚರ್ಚಿನವಳಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಬಿದ್ದು ಸೊಂಟ ಮುರಿದು ಮಲಗಿದ್ದಳು. ಬೆನ್ನು ಹುಣ್ಣಾಗಿತ್ತು. ದಿನಾ ಬೆಳಿಗ್ಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಮೊದಲು ಕೈ ಎತ್ತಿದವಳು ನಾನು. ಎಲ್ಲರ ಎದುರಿಗೆ.

ಎರಡು ದಿನ ಹೋದೆ. ಎರಡನೆಯ ದಿನ ಹೊರಗೆ ಬಂದು ಕಾಫಿ ಗಿಡದ ಬುಡದಲ್ಲಿ ವಾಂತಿ ಮಾಡಿದೆ. ಮೂರನೆಯ ದಿನ ಬಾಗಿಲವರೆಗೆ ಹೋದೆ — ಒಳಗೆ ಕಾಲಿಡಲಿಲ್ಲ. ಒಳಗೆ ನಿನ್ನ ಅಮ್ಮ ಇದ್ದಳು. ಎಸ್ಟೇಟಿನ ಬೆಳಗಿನ ಹಾಜರಿಗೆ ಹೋಗುವ ಮುಂಚೆ, ತಲೆಗೆ ಬಟ್ಟೆ ಕಟ್ಟಿಕೊಂಡು, ಬಕೆಟಿನಲ್ಲಿ ಬಿಸಿನೀರು ಇಟ್ಟುಕೊಂಡು.

"ಏ ಸುಡ್ತದೆ ಕಣೇ! ನನ್ನೇನು ಕೋಳಿ ಅಂದ್ಕೊಂಡ್ಯಾ, ಪುಕ್ಕ ಕೀಳ್ಲಿಕ್ಕೆ?" ಎಂದು ಅಜ್ಜಿ ಕೂಗುತ್ತಿದ್ದಳು.

"ಕೋಳಿ ಆಗಿದ್ರೆ ಇಷ್ಟೊತ್ತಿಗೆ ಸಾರಾಗ್ತಿತ್ತು, ಸುಮ್ನೆ ಮಲಗಜ್ಜಿ," ಎಂದಳು ನಿನ್ನ ಅಮ್ಮ. ಆಮೇಲೆ ನನ್ನನ್ನು ನೋಡಿ, ಮೂಗು ಮುಚ್ಚಿದ್ದ ನನ್ನ ಸೆರಗನ್ನೂ ನೋಡಿ — "ನೀವ್ ಹೋಗಿ ಟೀಚರಮ್ಮ, ಸ್ಕೂಲಿಗೆ ಹೊತ್ತಾಯ್ತು. ಈ ಅಜ್ಜಿ ಬೈಗುಳ ನಂಗೆ ಅಭ್ಯಾಸ."

ನಾನು ಹೋದೆ. ಆದರೆ ಮರುದಿನವೂ ಬಂದೆ, ಲೈನಿನ ನಲ್ಲಿಯವರೆಗೆ. ಅದರ ಮರುದಿನವೂ. ನಲ್ಲಿಯ ಹತ್ತಿರ ಯಾರನ್ನಾದರೂ "ಅಜ್ಜಿ ಹೇಗಿದ್ದಾರೆ" ಎಂದು ಕೇಳಿ ಹಿಂದಿರುಗುತ್ತಿದ್ದೆ. ಬೆಳಿಗ್ಗೆ ಬೆಳಿಗ್ಗೆ ನಾನು ಲೈನಿನ ಕಡೆ ನಡೆಯುವುದನ್ನು ಊರು ನೋಡುತ್ತಿತ್ತು. ನೋಡಲಿ ಎಂದೇ ನಡೆಯುತ್ತಿದ್ದೆನೋ — ಇಲ್ಲ, ಅನುಮಾನ ಬೇಡ. ನೋಡಲಿ ಎಂದೇ ನಡೆಯುತ್ತಿದ್ದೆ. ವಾಪಸು ಬರುವಾಗ ಚರ್ಚಿಗೆ ಹೋಗಿ ಜಾಡಿಗೆ ಒಂದು ಬೀಜ ಹಾಕುತ್ತಿದ್ದೆ.

ಈಗ ನಿನ್ನ ವಿಷಯ.

ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ತರಗತಿಯಲ್ಲಿ ನಾನು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದೆ, ಜಾಡಿಗೆ ಬೀಜ ಹಾಕಿದಿರಾ ಎಂದು. ಗುಟ್ಟಾಗಿರಬೇಕಾದದ್ದನ್ನು ಗಟ್ಟಿಯಾಗಿ ಕೇಳಿದೆ. ನಿನಗೆ ಒಂಬತ್ತು ವರ್ಷ. ನೀನು ಎದ್ದು ನಿಂತೆ, ಎರಡೂ ಕೈ ಹಿಂದೆ ಕಟ್ಟಿಕೊಂಡು.

"ಹಾಕ್ಲಿಲ್ಲ ಮಿಸ್. ಅಮ್ಮ ತಗೋಬೇಡ ಅಂದ್ರು. ಬೀಜ ಎಲ್ಲಾ ಎಸ್ಟೇಟ್ ದೊರೇದು ಅಂತೆ."

ನಾನು ಹೇಳಿದ ಮಾತು ಇದು, ಅಕ್ಷರ ಬಿಡದೆ: "ಅಂದ್ರೆ ನಲವತ್ತು ದಿನದಲ್ಲಿ ನಿಮ್ಮನೇಲಿ ಒಂದು ಒಳ್ಳೇ ಕೆಲಸಾನೂ ಆಗಿಲ್ಲ ಅನ್ನು."

ಮಕ್ಕಳು ನಕ್ಕರು. ತರಗತಿ ಮುಗಿಯುವವರೆಗೆ ನಿನ್ನನ್ನು ನಿಲ್ಲಿಸಿದೆ. ಅಂದು ಬೆಳಿಗ್ಗೆಯೂ ನಿನ್ನ ಅಮ್ಮ ಆ ಬಕೆಟನ್ನು ಹೊತ್ತು ಹೋಗುವುದನ್ನು ನಾನು ನೋಡಿದ್ದೆ. ತಿಳಿಯದೆ ಅಂದ ಮಾತಲ್ಲ ಸ್ಟೆಲ್ಲಾ. ತಿಳಿದೇ ಅಂದೆ. ಯಾಕೆ ಅಂದೆ ಎಂದರೆ — ನಿನ್ನ ಖಾಲಿ ಕೈಯೆದುರು ನನ್ನ ಬೀಜಗಳ ಸುಳ್ಳು ಬಯಲಾಗುತ್ತದೆಂದು ನನಗೆ ಭಯವಾಗಿತ್ತು, ಅಷ್ಟೇ ಹೇಳಬಲ್ಲೆ.

ಪಾಸ್ಕ ಹಬ್ಬದ ಹಿಂದಿನ ದಿನ ಫಾದರ್ ಕೇಳಿದರು: "ಟೀಚರ್, ದಿನಾ ಹೋಗ್ತಿರೋದು ನೀವೇ ತಾನೆ?" ನಾನು ತಲೆ ಬಗ್ಗಿಸಿ "ದೇವರಿಗೆ ಗೊತ್ತು ಫಾದರ್" ಎಂದೆ. ಅವರು ಅದನ್ನು ವಿನಯ ಎಂದುಕೊಂಡರು. ಹಬ್ಬದ ದಿನ ಪೂಜೆ ಮುಗಿದ ಮೇಲೆ ಜಾಡಿಯನ್ನು ಎತ್ತಿ ತೋರಿಸಿ, ನನ್ನ ಹೆಸರು ಹೇಳಿ, ಶಾಲು ಹೊದಿಸಿದರು. ಚಪ್ಪಾಳೆ ಹೊಡೆದವರಲ್ಲಿ ನಿನ್ನ ಅಮ್ಮನೂ ಇದ್ದಳು.

ಹೊರಗೆ, ಗಂಟೆಯ ಕಂಬದ ಹತ್ತಿರ ಅವಳು ಸಿಕ್ಕಳು. ನಾನು ಶಾಲನ್ನು ಭುಜದಿಂದ ಎಳೆದುಕೊಂಡೆ. ಅವಳು ನಕ್ಕುಬಿಟ್ಟಳು. "ಬಿಡಿ ಟೀಚರಮ್ಮ. ನಂದು ಮೇಲೇ ಇರ್ಲಿ. ಇಲ್ಲಿದ್ರೆ ವಾಚ್‌ಮ್ಯಾನು ಮಡಿಲು ಕೊಡವಿಸ್ತಾನೆ." ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. ಆಗ ನಗು ಇರಲಿಲ್ಲ. "ಮಗೀಗೆ ಮಾತ್ರ ಹಂಗನ್ಬಾರ್ದಿತ್ತು."

ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ. ನೀನು ತರಗತಿಗೆ ಬರುವುದನ್ನು ಬಿಟ್ಟೆ. ಆ ವರ್ಷ ಪ್ರಥಮ ಪರಮಪ್ರಸಾದ ಪಡೆದ ಮಕ್ಕಳ ಫೋಟೋ ನನ್ನ ಗೋಡೆಯ ಮೇಲಿದೆ. ಬಿಳಿ ಬಟ್ಟೆಯ ಹನ್ನೊಂದು ಮಕ್ಕಳು. ನೀನಿಲ್ಲ.

ಅವಳ ಆ ಮೊದಲ ಮಾತನ್ನು ನಾನು ಇಪ್ಪತ್ತೆಂಟು ವರ್ಷ ಛತ್ರಿಯಂತೆ ಹಿಡಿದುಕೊಂಡೆ. ನಾನು ಸತ್ಯ ಹೇಳಿದರೆ ಜನ ಅವಳನ್ನು ಹೊಗಳುತ್ತಾರೆ, ಹೊಗಳಿದರೆ ಮೇಲೆ ಅವಳಿಗಿರುವುದು ಕರಗುತ್ತದೆ, ಆದ್ದರಿಂದ ನನ್ನ ಮೌನ ಅವಳ ಸಂಪತ್ತಿಗೆ ಕಾವಲು — ಹೀಗೆ. ಎಷ್ಟು ಅಚ್ಚುಕಟ್ಟಾಗಿತ್ತು! ಪ್ರತಿ ತಪಸ್ಸುಕಾಲದಲ್ಲೂ ಪಾಪನಿವೇದನೆಗೆ ಮೊಣಕಾಲೂರಿದೆ. ಕೋಪ ಮಾಡಿಕೊಂಡದ್ದನ್ನು ಹೇಳಿದೆ, ಚಾಡಿ ಮಾತಾಡಿದ್ದನ್ನು ಹೇಳಿದೆ. ಇದನ್ನು ಹೇಳಲಿಲ್ಲ. ಅವಳ ಎರಡನೆಯ ಮಾತನ್ನಂತೂ ನೆನೆಸಿಕೊಳ್ಳಲೇ ಇಲ್ಲ.

ಕಳೆದ ತಿಂಗಳು ನಿನ್ನ ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ನನ್ನ ಎರಡೂ ಕೈ ಹಿಡಿದುಕೊಂಡೆ. "ಅಮ್ಮಂಗೆ ನಿಮ್ ಥರ ಸೇವೆ ಗೀವೆ ಏನೂ ಮಾಡ್ಲಿಕ್ಕೆ ಆಗ್ಲಿಲ್ಲ ಮಿಸ್. ಬರೀ ಕಾಫಿ ಪಿಕ್ಕಿಂಗು, ಮನೆ, ಮತ್ತೆ ಪಿಕ್ಕಿಂಗು. ಮೇಲೆ ಅವ್ರಿಗೆ ಏನಾದ್ರೂ ಇರುತ್ತಾ?" ಎಂದು ಕೇಳಿದೆ.

ತಮಾಷೆಗೆ ಕೇಳಿದ್ದಲ್ಲ. ನನ್ನ ಮುಖವನ್ನೇ ನೋಡುತ್ತಿದ್ದೆ, ಉತ್ತರಕ್ಕೆ. ಅವಳು ಬರಿಗೈಯಲ್ಲಿ ಹೋದಳು ಎಂಬ ಸಂಕಟ ನಿನಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ನಾನೇ ಇಟ್ಟದ್ದು ಅದು, ಗರಿಗಳ ಭಾನುವಾರ. ನೀನು ಏಳುವ ಮುಂಚೆಯೇ ಅಜ್ಜಿಯ ಮನೆಗೆ ಹೋಗಿಬರುತ್ತಿದ್ದವಳು ನಿನಗೂ ಹೇಳಿರಲಿಲ್ಲ! ಆಗಲೂ ನಾನು "ದೇವರಿಗೆ ಗೊತ್ತು ಮಗಾ" ಎಂದೆ. ಅದೇ ಮಾತು. ಅದೇ ತಲೆ ಬಗ್ಗಿಸುವುದು. ನನ್ನ ಬಾಯಿಂದ ಅದು ಎರಡನೆಯ ಸಲ ಬಂದದ್ದನ್ನು ನಾನೇ ಕೇಳಿಸಿಕೊಂಡೆ.

ಈ ಭಾನುವಾರ ಚರ್ಚಿನ ಪಕ್ಕ, ನೋಡಿಕೊಳ್ಳುವವರಿಲ್ಲದ ರೋಗಿಗಳಿಗೆಂದು ಕಟ್ಟಿಸಿರುವ ಕೋಣೆಯ ಉದ್ಘಾಟನೆ. ಕಾಳಮ್ಮಜ್ಜಿಯ ಸೇವೆ ಮಾಡಿದವಳೆಂದು, ಬಾಗಿಲಿಗೆ ಹಾಕುವ ಕಲ್ಲಿನಲ್ಲಿ ನನ್ನ ಹೆಸರಿದೆ. ಮೊನ್ನೆ ಈಗಿನ ಫಾದರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಚಿಕ್ಕವರು, ಗಾಬರಿಯಾದರು. "ಟೀಚರ್, ಕಲ್ಲು ಆಗ್ಲೇ ಕೆತ್ತಿ ಆಗಿದೆಯಲ್ಲ," ಎಂದರು.

"ಮಗುಚಿ ಹಾಕ್ಸಿ ಫಾದರ್. ಹಿಂದೆ ನಲ್ಲಿ ಹತ್ರ. ರೋಗಿಗಳ ಬಟ್ಟೆ ಒಗೀಲಿಕ್ಕೆ ಕಲ್ಲು ಬೇಕಲ್ಲ."

ಬಾಗಿಲಿಗೆ ನಿನ್ನ ಅಮ್ಮನ ಹೆಸರನ್ನು ಹಾಕಿ ಎಂದು ನಾನು ಕೇಳಿಲ್ಲ. ಅವಳು ಕೇಳದ್ದನ್ನು ಅವಳಿಗೆ ಕೊಡಲು ನಾನು ಯಾರು? ನನ್ನದಲ್ಲದ್ದನ್ನು ಕೆಳಗಿಡುವುದಷ್ಟೇ ನನ್ನ ಕೆಲಸ. ಸತ್ಯ ಹೇಳಿದರೆ ಮೇಲಿರುವ ಅವಳ ಸಂಪತ್ತು ಕರಗುತ್ತದೆಂಬ ಹೆದರಿಕೆಯೂ ಈಗ ಇಲ್ಲ. ಮಗಳ ಮನಸ್ಸಿನ ಮುಳ್ಳು ತೆಗೆದದ್ದಕ್ಕೆ ತಾಯಿಯ ಪಾಲು ಕಡಿಮೆ ಮಾಡುವ ದೇವರನ್ನು ನಾನು ಯಾವ ಮಗುವಿಗೂ ಕಲಿಸಿಲ್ಲ.

ಭಾನುವಾರ ಪೂಜೆಯ ಕೊನೆಗೆ, ಅಂದು ಶಾಲು ಹೊದಿಸಿಕೊಂಡ ಜಾಗದಲ್ಲೇ ನಿಂತು ಇದನ್ನು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಕ್ಷಮಿಸು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀನು ನಿನ್ನ ಅಮ್ಮನ ಮಗಳು, ಕ್ಷಮಿಸಿಬಿಡುತ್ತೀಯ.

ಬರುವುದಾದರೆ ಮುಂದಿನ ಬೆಂಚಿನಲ್ಲಿ ಕೂರು. ಹೇಳಿ ಮುಗಿದ ಮೇಲೆ ನಾನು ಕೂರುವುದಿಲ್ಲ. ಅಂದು ಒಂಬತ್ತು ವರ್ಷದ ನೀನು ತರಗತಿಯಲ್ಲಿ ನಿಂತಿದ್ದಷ್ಟು ಹೊತ್ತು, ಎಲ್ಲರೂ ನೋಡುವಂತೆ, ನಿಂತಿರುತ್ತೇನೆ.