ಮೀಸಲು ಟಗರು, ಬಾಯಿಲ್ಲದ ನೊಣ

ಪುಟ್ಟಗಂಗಮ್ಮ ತುರುವೇಕೆರೆ ಕಡೆಯಿಂದ ಕಂದಿಕೆರೆ ಹತ್ತಿರದ ಆ ಹಟ್ಟಿಗೆ ಸೊಸೆಯಾಗಿ ಬಂದವಳು. ಗಂಡ ಮಾರಯ್ಯ ಕಾಮಾಲೆಯಾಗಿ ತೀರಿಕೊಂಡಾಗ ಅವಳಿಗೆ ಮಕ್ಕಳಿರಲಿಲ್ಲ. ತವರಿನವರು ಗಾಡಿ ಕಟ್ಟಿಕೊಂಡು ಕರೆಯಲು ಬಂದಿದ್ದರು. ಮೈದುನ ಹನುಮಂತಯ್ಯ ಬಾಗಿಲಲ್ಲಿ ನಿಂತು, "ಅತ್ಗೆ, ಅಣ್ಣ ಕಾಯ್ತಿದ್ದ ಕುರಿ ಇನ್ಮೇಲೆ ನಿನ್ನವು. ತೋಟ ನಾನು ನೋಡ್ಕತೀನಿ. ಒಲೆ ಒಂದೇ ಇರ್ಲಿ. ಹೋಗೋದಾದ್ರೆ ನಿನ್ನಿಷ್ಟ," ಎಂದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾರಯ್ಯನ ಕೋಲು ತೆಗೆದುಕೊಂಡು ಮಂದೆಯ ಕಡೆ ನಡೆದಳು. ಗಾಡಿ ಹಾಗೆಯೇ ಹಿಂದಕ್ಕೆ ಹೋಯಿತು.

ಅಂದಿನಿಂದ ಬೆಳಿಗ್ಗೆ ಕುರಿಗಳನ್ನು ಗುಡ್ಡದ ಕಡೆ ಹೊಡೆದುಕೊಂಡು ಹೋಗುವುದು, ಬಿಸಿಲೇರಿದಾಗ ಹೊಂಗೆ ಮರದಡಿ ನಿಲ್ಲಿಸುವುದು, ಸಂಜೆ ತಂದು ತೆಂಗಿನ ತೋಟದಲ್ಲಿ ತಡಿಕೆ ಕಟ್ಟಿ ಕೂಡುವುದು, ಇದೇ ಅವಳ ಬದುಕಾಯಿತು. ಕುರಿ ನಿಂತ ನೆಲದ ತೆಂಗು ಚೆನ್ನಾಗಿ ಹೊಂಬಾಳೆ ಬಿಡುತ್ತದೆ. ಹನುಮಂತಯ್ಯ ದಿನಕ್ಕೊಂದು ಸಾಲಿನಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದ. ಶುಕ್ರವಾರ ಮಾತ್ರ ಅವಳು ಮಂದೆಯನ್ನು ನಿಂಗಮ್ಮನಿಗೆ, ಅಂದರೆ ಹನುಮಂತಯ್ಯನ ಹೆಂಡತಿಗೆ, ಒಪ್ಪಿಸಿ, ತೋಟದ ಬದುವಿನ ಗುಡ್ಡದಮ್ಮನ ಗುಡಿಗೆ ಹೋಗಿ ದೀಪ ಹಚ್ಚುತ್ತಿದ್ದಳು. ಗುಡಿ ಎಂದರೆ ಮೂರು ಚಪ್ಪಡಿ, ಒಳಗೊಂದು ಕಲ್ಲು. ಅವಳು ಅಲ್ಲಿ ಕೂತು ಮನೆಯ ಸುದ್ದಿ, ಮಂದೆಯ ಸುದ್ದಿ, ಎಲ್ಲವನ್ನೂ ಅಮ್ಮನಿಗೆ ಹೇಳುತ್ತಿದ್ದಳು. "ಅಕ್ಕ ಗುಡೀಲಿ ಹರಟೆ ಹೊಡ್ಯಕ್ಕೆ ಹೋಗವಳೆ," ಎಂದು ನಿಂಗಮ್ಮ ನಗುತ್ತಿದ್ದಳು.

ಒಂದು ವರ್ಷ ಮಳೆಗಾಲದ ಮೊದಲಲ್ಲಿ ಒಂದು ಕುರಿ ಈದು ಸತ್ತಿತು. ಮರಿ ಉಳಿಯಿತು. ಕಪ್ಪು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ. ಬೇರೆ ಕುರಿಗಳು ಹತ್ತಿರ ಸೇರಿಸಲಿಲ್ಲ. ಪುಟ್ಟಗಂಗಮ್ಮ ಹಸುವಿನ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿದಳು, ಮಡಿಲಲ್ಲಿ ಮಲಗಿಸಿಕೊಂಡಳು. ಚುಕ್ಕ ಎಂದು ಕರೆದಳು. ಹಾಗೆ ಬೆಳೆದದ್ದಕ್ಕೆ ಚುಕ್ಕನಿಗೆ ತಾನು ಕುರಿ ಎಂಬುದೇ ಮರೆತುಹೋಗಿತ್ತು. ಮಂದೆಯಲ್ಲಿ ಸೇರದೆ ಅವಳ ಕಾಲ ಬುಡದಲ್ಲಿ ನಡೆಯುತ್ತಿತ್ತು. ಮನೆಯ ಹೊಸಿಲಲ್ಲಿ ಅಡ್ಡ ಮಲಗುತ್ತಿತ್ತು. ನಡುಹಗಲಲ್ಲಿ ಮಿಕ್ಕ ಕುರಿಗಳೆಲ್ಲ ಒಂದರ ಹೊಟ್ಟೆಗೊಂದು ತಲೆ ಕೊಟ್ಟು ಗುಂಪಾಗಿ ನಿಂತರೆ, ಚುಕ್ಕ ಬಂದು ಅವಳ ಸೆರಗಿನೊಳಗೆ ಮೂಗು ತೂರಿಸುತ್ತಿತ್ತು. "ನನ್ ಕೂಸಿಗೆ ನಾಚ್ಕೆ," ಎಂದು ಅವಳು ಸೆರಗು ಹೊದಿಸುತ್ತಿದ್ದಳು.

ಚುಕ್ಕ ಬಲಿತ ಟಗರಾದ ವರ್ಷ ಹನುಮಂತಯ್ಯನ ಮಗಳು ಹೊಂಬಾಳಮ್ಮನಿಗೆ ವಿಷಮಶೀತ ಜ್ವರ ಬಂತು. ಏಳೆಂಟು ವರ್ಷದ ಹುಡುಗಿ. ಚಿಕ್ಕನಾಯಕನಹಳ್ಳಿ ಆಸ್ಪತ್ರೆಯಿಂದ ತಂದ ಔಷಧಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಬೆಳಗ್ಗೆ ಹುಡುಗಿ ಕಣ್ಣು ಮೇಲೆ ಮಾಡಿದಳು. ಹನುಮಂತಯ್ಯ ಕೂಗಿಕೊಂಡು ಹೊರಗೆ ಓಡಿಬಂದ. ಹೊಸಿಲಲ್ಲಿ ಎಂದಿನಂತೆ ಚುಕ್ಕ ಮಲಗಿತ್ತು. ಅವನು ಅದರ ತಲೆಯ ಮೇಲೆ ಕೈಯಿಟ್ಟು, "ಅಮ್ಮಾ, ಕೂಸು ಉಳಿಸ್ಕೊಡು. ಈ ಟಗರು ನಿಂಗೆ," ಎಂದುಬಿಟ್ಟ. ಕೈಗೆ ಸಿಕ್ಕಿದ್ದು ಅದು, ಅಷ್ಟೇ. ಯೋಚಿಸಿ ಹೇಳಿದ್ದಲ್ಲ. ಹಿಂದೆಯೇ ನಿಂತಿದ್ದ ಪುಟ್ಟಗಂಗಮ್ಮ ಕೈ ಮುಗಿದಳು. ಆ ಗಳಿಗೆಯಲ್ಲಿ ಅವಳ ತಲೆಯನ್ನೇ ಕೇಳಿದ್ದರೂ ಹೂಂ ಎನ್ನುತ್ತಿದ್ದಳು.

ಹುಡುಗಿ ಉಳಿದಳು. ಚುಕ್ಕನ ಕೊರಳಿಗೆ ಅರಿಶಿನದ ದಾರ ಬಿತ್ತು.

ಹೀಗೆ ಮೀಸಲು ಬಿಟ್ಟ ಕುರಿಗೆ ಆ ಹಟ್ಟಿಯಲ್ಲಿ ಕಟ್ಟಳೆಗಳಿದ್ದವು. ಅದರ ಉಣ್ಣೆ ಕತ್ತರಿಸುವಂತಿಲ್ಲ. ಮಾರುವಂತಿಲ್ಲ. ಕಾಯಿಲೆ ಬಂದರೆ ಮದ್ದು ಹಾಕುವಂತಿಲ್ಲ; ಅದು ಅಮ್ಮನ ಪ್ರಾಣಿ, ಅವಳೇ ನೋಡಿಕೊಳ್ಳುತ್ತಾಳೆ. ಇನ್ನೊಂದು ಕಟ್ಟಳೆ, ಅಮ್ಮನನ್ನು ಕೇಳದೆ ಬಲಿ ಕೊಡುವಂತಿಲ್ಲ. ದೀಪಾವಳಿ ಕಳೆದ ಮಂಗಳವಾರ ಗುಡಿಯ ಮುಂದೆ ನಿಲ್ಲಿಸಿ ಬೆನ್ನ ಮೇಲೆ ಮೂರು ಸಲ ಅರಿಶಿನದ ನೀರು ಹೊಯ್ಯಬೇಕು. ಟಗರು ಮೈ ಒದರಿದರೆ ಅಮ್ಮ ಒಪ್ಪಿದಳು ಎಂದು. ಒದರದೆ ನಿಂತರೆ ಅವಳಿಗೆ ಬೇಡ ಎಂದು. ಒಂದು ವರ್ಷ ಬೇಡವೆಂದರೆ ಮುಂದಿನ ವರ್ಷ ಮತ್ತೊಮ್ಮೆ ಕೇಳಬೇಕು. ಆಗಲೂ ಬೇಡವೆಂದರೆ ಹರಕೆ ಸಂದಿತು. ಟಗರು ಸಾಕಿದವರಿಗೇ ಉಳಿಯುತ್ತದೆ.

ಮೊದಲ ವರ್ಷ ಚುಕ್ಕ ಮೂರು ಸಲವೂ ಕಲ್ಲಿನಂತೆ ನಿಂತಿತು. ಪೂಜಾರಿ ಹುಚ್ಚರಂಗಯ್ಯ ಚೊಂಬು ಕೆಳಗಿಟ್ಟು, "ಗಂಗವ್ವ, ಮೈಗೆ ನೀರು ಬಿದ್ದದ್ದೂ ತಿಳೀಲಿಲ್ಲವಲ್ಲೇ ಇದಕ್ಕೆ! ನಿನ್ ಹಂಗೇ ಜಡ ಇದು," ಎಂದು ನಕ್ಕ. ಅವಳೂ ನಕ್ಕಳು. ಆ ಶುಕ್ರವಾರ ಎರಡು ದೀಪ ಹಚ್ಚಿದಳು. ಇನ್ನೊಂದು ವರ್ಷ ಹೀಗೆಯೇ ನಿಂತರೆ ಚುಕ್ಕ ತನ್ನದು. ಅಮ್ಮನ ಕಟ್ಟಳೆಯಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು, ತಪ್ಪದಿದ್ದರೆ ಅವಳು ಮನಸ್ಸು ಕರಗಿ ಬಿಟ್ಟುಕೊಡುತ್ತಾಳೆ ಎಂದು ನಂಬಿದಳು.

ಎರಡನೆಯ ವರ್ಷ ಮಳೆ ಹಿಂದೆಗೆದು ಬಿಸಿಲು ಕಾದಾಗ ಮಂದೆಯ ಕುರಿಗಳು ಸೀನತೊಡಗಿದವು. ಮೂಗಿನಿಂದ ಗೊಣ್ಣೆ, ಕೆಲವಕ್ಕೆ ರಕ್ತದ ಎಳೆ. ನಿಂತಲ್ಲಿ ತಲೆ ಕೊಡವುವುದು, ನೆಲಕ್ಕೆ ಮೂಗು ಉಜ್ಜುವುದು. ಚುಕ್ಕನಿಗೂ ಹತ್ತಿತು. ಪುಟ್ಟಗಂಗಮ್ಮ ತೆಂಗಿನ ಮಟ್ಟೆ ಸುಟ್ಟು ಹೊಗೆ ಹಾಕಿದಳು; ನೆಗಡಿ ಎಂದುಕೊಂಡಳು. ಆ ವಾರ ಚುಚ್ಚುಮದ್ದಿಗೆಂದು ಹಟ್ಟಿಗೆ ಬಂದ ದನಗಳ ಡಾಕ್ಟರು ಶ್ರೀರಂಗಯ್ಯನವರು ಮಂದೆಯ ಹತ್ತಿರವೇ ಸೈಕಲ್ಲು ನಿಲ್ಲಿಸಿದರು. ಒಂದು ಕುರಿ ಜೋರಾಗಿ ಸೀನಿತು. ಅವರು ಬಗ್ಗಿ ಮಣ್ಣಿನಿಂದ ಏನನ್ನೋ ಕಡ್ಡಿಯಲ್ಲಿ ಎತ್ತಿದರು. ದಪ್ಪ ಹುಳ, ಬೆನ್ನ ಮೇಲೆ ಕಪ್ಪು ಪಟ್ಟೆ, ಇನ್ನೂ ಹೊರಳುತ್ತಿತ್ತು.

"ನೆಗಡಿ ಅಲ್ಲ ಗಂಗಮ್ಮ. ಇದು ನೊಣದ ಮರಿ."

"ನೊಣದ್ದಾ? ನೊಣ ಇಷ್ಟೇ ಇಷ್ಟು ಇರ್ತದೆ, ಇದು ನೋಡಿದ್ರೆ ನನ್ ಬೆರಳ ಗೆಣ್ಣಷ್ಟೈತೆ!"

"ಇದು ಮನೆ ನೊಣ ಅಲ್ಲ. ಬಿಸಿಲು ಹೊತ್ತಲ್ಲಿ ಬರ್ತದೆ. ಮೊಟ್ಟೆ ಇಡಲ್ಲ, ಹಾರ್ತಾ ಹಾರ್ತಾನೇ ಮರಿಗಳನ್ನ ಕುರಿ ಮೂಗಿಗೆ ಚಿಮುಕಿಸಿ ಹೋಗ್ತದೆ. ಮರಿ ಒಳಗೆ ಹತ್ತಿ, ಹಣೆ ಮೂಳೆಯೊಳಗೆ ತಿಂಗಳುಗಟ್ಟಲೆ ಬೆಳೀತದೆ. ಬಲಿತ ಮೇಲೆ ಕುರಿ ಸೀನಿದಾಗ ಮಣ್ಣಿಗೆ ಬಿದ್ದು, ಗೂಡಾಗಿ, ಮತ್ತೆ ನೊಣ. ಅದಕ್ಕೇ ನೋಡಿ, ಇವು ಮಧ್ಯಾಹ್ನ ತಲೆ ಬಗ್ಗಿಸಿ ಗುಂಪಾಗೋದು. ಮೂಗು ಬಚ್ಚಿಡೋಕೆ."

ಪುಟ್ಟಗಂಗಮ್ಮ ತನ್ನ ಸೆರಗಿನ ಕಡೆ ನೋಡಿಕೊಂಡಳು. ನಾಚಿಕೆಯಲ್ಲ ಹಾಗಾದರೆ. ಹೆದರಿಕೆ.

ಡಾಕ್ಟರಿಗೆ ಕೇಳುವವರು ಸಿಕ್ಕರೆ ಹೇಳುವ ಹುರುಪು. ಬದುವಿನ ಮೇಲೆ ಕೂತೇಬಿಟ್ಟರು. "ನಿಮ್ಮಲ್ಲಿ ಕುಲ, ಬೆಡಗು ಅಂತ ಇಲ್ವಾ, ಹಂಗೇ ಇವಕ್ಕೂ. ಎರಡೇ ರೆಕ್ಕೆ ಇರೋವೆಲ್ಲ ಒಂದು ದೊಡ್ಡ ಕುಲ, ಸೊಳ್ಳೆನೂ ಅದರಲ್ಲೇ ಬರ್ತದೆ. ಅದರೊಳಗೆ ಇವುಗಳದ್ದೊಂದು ಮನೆತನ, ಪುಸ್ತಕದಲ್ಲಿ ಈಸ್ಟ್ರಿಡೆ ಅಂತಾರೆ. ಹಾಲು ಕುಡಿಸೋ ಪ್ರಾಣಿ ಮೈಯೊಳಗೇ ಬೆಳೀಬೇಕು, ಬೇರೆ ಕಡೆ ಬದುಕಲ್ಲ. ಕುರಿ ಮೂಗಿನದ್ದು ಒಂದು ಕವಲು. ಇದರ ಹೆಸರು ಈಸ್ಟ್ರಸ್ ಓವಿಸ್. ದನದ ಬೆನ್ನ ಚರ್ಮದಡಿ ಗಂಟು ಮಾಡೋದು ಇನ್ನೊಂದು. ಕುದುರೆ ಹೊಟ್ಟೆಯೊಳಗೆ ನೇತಾಡೋದು ಮತ್ತೊಂದು. ಇಲಿ, ಮೊಲಕ್ಕೆ ಹತ್ತೋದು ನಾಲ್ಕನೇದು, ಅದು ಅಮೆರಿಕದ ಕಡೆ, ನಮ್ಮಲ್ಲಿಲ್ಲ. ಕೆಲವು ಪಂಡಿತರು ಇವೆಲ್ಲ ಒಂದೇ ಮನೆ ಅಂತಾರೆ. ಕೆಲವರು, ಅಲ್ಲ, ಬೇರೆ ಬೇರೆ ಮನೆ ಅಂತ ಪಾಲು ಮಾಡ್ತಾರೆ."

"ಅಯ್ಯೋ, ಅವರಲ್ಲೂ ಪಾಲಾಗೋದು ಐತಾ?" ಎಂದಳು ಪುಟ್ಟಗಂಗಮ್ಮ.

ಡಾಕ್ಟರು ಮನಸಾರೆ ನಕ್ಕರು. "ಇನ್ನೊಂದು ಕೇಳಿ. ನೊಣ ಆಗಿ ರೆಕ್ಕೆ ಬಂದ ಮೇಲೆ ಇವಕ್ಕೆ ಬಾಯೇ ಇರಲ್ಲ, ಇದ್ದರೂ ಹೆಸರಿಗೆ. ಏನೂ ತಿನ್ನಲ್ಲ. ಮರಿ ಬಿಡೋದೊಂದೇ ಕೆಲಸ, ಆಮೇಲೆ ಸಾಯೋದು."

"ಉಪವಾಸದಲ್ಲೇನಾ?" ಅವಳು ಬಗ್ಗಿ ಆ ಹುಳುವನ್ನು ನೋಡಿದಳು. "ಪಾಪ, ಅದಾದ್ರೂ ಏನು ಮಾಡೀತು. ತನ್ನ ಮಕ್ಕಳನ್ನ ಇನ್ನೊಬ್ಬರ ಮನೇಲಿ ಬಿಟ್ಟು ಸಾಯ್ತದೆ."

ಮುಂದಿನ ವಾರ ಡಾಕ್ಟರು ಮದ್ದು ತಂದರು. ಇಬ್ಬರೂ ಸೇರಿ ಮಂದೆಗೆಲ್ಲ ಬಾಯಿಗೆ ಕುಡಿಸಿದರು. ಕೊನೆಗೆ ಚುಕ್ಕನ ಸರದಿ ಬಂದಾಗ ಅವಳು ಅದರ ಮುಂದೆ ಕೈ ಅಡ್ಡ ಹಿಡಿದಳು.

"ಇದಕ್ಕೆ ಬ್ಯಾಡ ಸ್ವಾಮಿ. ಮೀಸಲು."

"ಮೀಸಲಾದ್ರೆ ನೋವಾಗಲ್ವಾ ಗಂಗಮ್ಮ? ಎಲ್ಲಕ್ಕಿಂತ ಇದೇ ಜಾಸ್ತಿ ಸೀನ್ತಾ ಇದೆ."

"ಗೊತ್ತು ಸ್ವಾಮಿ. ನಾನು ಕಟ್ಟಳೆ ಮೀರಿ, ಅಮ್ಮ ಮುನಿಸ್ಕೊಂಡು ಹೊಂಬಾಳಮ್ಮನ ಮೇಲೆ ಕಣ್ಣು ಹಾಕಿದ್ರೆ ನಾನೆಲ್ಲಿಗೆ ಹೋಗ್ಲಿ? ದೀಪಾವಳಿ ಕಳೀಲಿ. ಅಮ್ಮ ಬ್ಯಾಡ ಅಂದ್ರೆ ಮಾರನೇ ದಿನ ನಾನೇ ಹೊಡ್ಕೊಂಡು ಬತ್ತೀನಿ, ಎಷ್ಟು ಬೇಕಾದ್ರೂ ಕುಡಿಸಿ."

ಡಾಕ್ಟರು ಸೀಸೆಗೆ ಬಿರಡೆ ಹಾಕಿದರು. ಕೆಲವು ದಿನಗಳಲ್ಲಿ ಮಂದೆಯ ಸೀನು ನಿಂತಿತು. ಚುಕ್ಕನದು ಮಾತ್ರ ನಿಲ್ಲಲಿಲ್ಲ. ಅವಳು ಒದ್ದೆ ಬಟ್ಟೆಯಿಂದ ಮೂಗು ಒರೆಸುವಳು, ನೀರು ಮದ್ದಲ್ಲವಲ್ಲ.

ದೀಪಾವಳಿ ಕಳೆದ ಮಂಗಳವಾರ ಬೆಳಿಗ್ಗೆ ಮನೆಯವರೆಲ್ಲ ಗುಡಿಯ ಮುಂದೆ ಸೇರಿದರು. ಹೊಂಬಾಳಮ್ಮ ಹೊಸ ಲಂಗ ಉಟ್ಟು ಆರತಿ ತಟ್ಟೆ ಹಿಡಿದಿದ್ದಳು. ಕೆನ್ನೆ ತುಂಬಿಕೊಂಡಿತ್ತು, ಜ್ವರದಲ್ಲಿ ಉದುರಿದ ಕೂದಲು ಪೂರ್ತಿ ಬಂದಿತ್ತು. ಪುಟ್ಟಗಂಗಮ್ಮ ಒಂದು ಪಕ್ಕಕ್ಕೆ, ತೆಂಗಿನ ಮರ ಒರಗಿ ನಿಂತಳು.

ಹುಚ್ಚರಂಗಯ್ಯ ಮೊದಲ ಚೊಂಬು ಹೊಯ್ದ. ಚುಕ್ಕ ಕದಲಲಿಲ್ಲ. ಎರಡನೆಯದು. ಉಣ್ಣೆಯಿಂದ ಹಳದಿ ನೀರು ತೊಟ್ಟಿಕ್ಕಿತು, ಟಗರು ಹಾಗೆಯೇ ನಿಂತಿತ್ತು. "ಅಮ್ಮನಿಗೆ ನಿಂಗಿ ಮಾಡೋ ಸಾರು ರುಚಿಸಾಕಿಲ್ಲ ಕಣಪ್ಪ," ಎಂದು ಹನುಮಂತಯ್ಯ ಹೆಂಡತಿಯನ್ನು ಕಿಚಾಯಿಸಿದ. ಅವನ ದನಿಯಲ್ಲಿಯೂ ಸಮಾಧಾನವಿತ್ತು. ಅತ್ತಿಗೆಯ ಕಡೆ ಒಮ್ಮೆ ನೋಡಿದ. ಇನ್ನೊಂದೇ ಚೊಂಬು. ಪುಟ್ಟಗಂಗಮ್ಮ ಕಣ್ಣು ಮುಚ್ಚಿ, ಅಮ್ಮಾ ಅಮ್ಮಾ ಎನ್ನುತ್ತಿದ್ದಳು.

ಮೂರನೆಯ ನೀರು ಬಗ್ಗಿದ ಕೊರಳ ಮೇಲಿಂದ ಹರಿದು ಮೂಗಿಗಿಳಿಯಿತು. ಚುಕ್ಕ ಒಂದು ಸೀನು ಸೀನಿತು. ಇನ್ನೊಂದು. ತಲೆಯನ್ನು ಎಡಕ್ಕೂ ಬಲಕ್ಕೂ ಎಸೆದು, ಕಿವಿ ಪಟಪಟ ಬಡಿದು, ಮೈಯನ್ನೆಲ್ಲ ಒದರಿತು. ನೀರು ಸುತ್ತ ನಿಂತವರ ಮೇಲೆಲ್ಲ ಸಿಡಿಯಿತು.

"ಕೊಟ್ಲು! ಅಮ್ಮ ಒಪ್ಪಿಗೆ ಕೊಟ್ಲು!" ಎಂದ ಹುಚ್ಚರಂಗಯ್ಯ.

ಅದು ಯಾವ ಸೀನು ಎಂದು ಪುಟ್ಟಗಂಗಮ್ಮನಿಗೆ ಗೊತ್ತಿತ್ತು. ದಿನವೂ ಕಂಡದ್ದು, ಒರೆಸಿದ್ದು. ಹೇಳಲು ಬಾಯಿ ತೆರೆದಳು. ಎದುರಿಗೆ ಆರತಿಯ ಬೆಳಕಿನಲ್ಲಿ ಹೊಂಬಾಳಮ್ಮನ ಮುಖ ಕಂಡಿತು. ನೊಣ ಎಂದು ತಾನು ಹೇಳಿ, ಅದು ನೊಣವಾಗಿರದೆ ಅಮ್ಮನೇ ಆಗಿದ್ದರೆ? ಬಾಯಿಗೆ ಕೈ ಒತ್ತಿಕೊಂಡಳು.

ಚುಕ್ಕ ಮೈ ಒದರಿ ಮುಗಿಸಿ, ಗುಂಪನ್ನು ದಾಟಿ ನೇರ ಅವಳ ಹತ್ತಿರ ಬಂತು. ಒದ್ದೆ ಮೂಗನ್ನು ಸೆರಗಿನೊಳಗೆ ತೂರಿಸಿತು. ಹನುಮಂತಯ್ಯ ಹತ್ತಿರ ಬಂದು ಮೆಲ್ಲಗೆ, "ಬುಡು ಅತ್ಗೆ," ಎಂದ. ಅವಳು ಸೆರಗು ಬಿಡಿಸಿಕೊಂಡಳು.

ಹಿತ್ತಲಲ್ಲಿ ಟಗರಿನ ತಲೆ ಸುಟ್ಟು ಸೀಳುವುದು ನಿಂಗಮ್ಮನ ಕೆಲಸ. ಬೆಂಕಿಗೆ ಹಿಡಿಯುವ ಮೊದಲು ಕೊಂಬಿನ ಬುಡಕ್ಕೆ ಮಚ್ಚಿನ ಏಟು ಹಾಕಿದವಳು ಚಿಟ್ಟನೆ ಚೀರಿದಳು. ಎಲ್ಲರೂ ಓಡಿಬಂದರು. ಸೀಳಿದ ಮೂಳೆಯ ಗೂಡಿನೊಳಗೆ ಪಟ್ಟೆ ಪಟ್ಟೆಯ ಹುಳುಗಳು ಒತ್ತೊತ್ತಾಗಿ ಹೊರಳುತ್ತಿದ್ದವು.

"ಇದೇನವ್ವ ಅನಿಷ್ಟ! ಬಿಸಾಕು, ಬಿಸಾಕು," ಎಂದರು.

"ಇವು ಒದರಿದ್ದು," ಎಂದಳು ಪುಟ್ಟಗಂಗಮ್ಮ. "ಅಮ್ಮ ಕೇಳಿರ್ನಿಲ್ಲ. ಇವು ಒಳಗೆ ಕಚ್ಚಿದ್ವು, ಅದು ಒದರ್ತು. ಡಾಕ್ಟ್ರು ಮದ್ದು ತಂದಿದ್ರು. ನಾನೇ ಬ್ಯಾಡ ಅಂದೆ."

ಹನುಮಂತಯ್ಯ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಮುಂಚೇನೇ ಹೇಳ್ಬಾರ್ದಿತ್ತಾ ಅತ್ಗೆ?"

"ಹೆಂಗೆ ಹೇಳ್ಲಪ್ಪ? ನಿನ್ ಕೂಸು ಎದುರಿಗೇ ನಿಂತಿತ್ತಲ್ಲ."

ಹುಚ್ಚರಂಗಯ್ಯ ಒರಟ ಮನುಷ್ಯನಾದರೂ ಅಂದು ತಗ್ಗಿದ ದನಿಯಲ್ಲಿ, "ಹುಳ ಅಲ್ಲಾಡ್ಸಿದ್ರೂ, ಹುಳ ಇಟ್ಟೋಳು ಅವಳೇ ಅಲ್ವಾ ಗಂಗವ್ವ," ಎಂದ. ಇರಬಹುದು ಎಂದಳು ಅವಳು. ತಲೆಯನ್ನು ಮುತ್ತುಗದ ಎಲೆಯಲ್ಲಿ ಎತ್ತಿಕೊಂಡು ತೋಟಕ್ಕೆ ಹೋದಳು. ಮಣ್ಣಿಗೆ ಬಿದ್ದರೆ ಮತ್ತೆ ನೊಣ ಎಂದಿದ್ದರು ಡಾಕ್ಟರು. ಒಣಗಿದ ಮಟ್ಟೆ ಒಟ್ಟಿ ಬೆಂಕಿ ಮಾಡಿ, ಉರಿ ಆರುವವರೆಗೂ ಪಕ್ಕದಲ್ಲಿ ಕೂತಿದ್ದಳು. ಆ ದಿನ ಮನೆಯಲ್ಲಿ ಅವಳೊಬ್ಬಳೇ ಅಲ್ಲ, ಹನುಮಂತಯ್ಯನೂ ಬರಿಯ ಮಜ್ಜಿಗೆಯಲ್ಲಿ ಉಂಡ.

ಮರುವರ್ಷ ಹಟ್ಟಿಯ ಇನ್ನೊಂದು ಮನೆಯವರು ಹರಕೆಗೆಂದು ಒಂದು ಮರಿಗೆ ದಾರ ಕಟ್ಟಿ ಅವಳ ಮಂದೆಗೆ ಬಿಟ್ಟರು. ಡಾಕ್ಟರು ಬಂದಾಗ ಪುಟ್ಟಗಂಗಮ್ಮ ಆ ಮರಿಯನ್ನು ಎಲ್ಲಕ್ಕಿಂತ ಮೊದಲು ಹಿಡಿದು ಬಾಯಿ ಅಗಲಿಸಿದಳು. ದಾರ ಕಟ್ಟಿದ ಮನೆಯವರು ಕೂಗಾಡಿದರು. "ಅಮ್ಮನಿಗೆ ಹುಳ ಹಿಡಿದದ್ದು ಕೊಡ್ತೀರಾ? ಅವಳ ಬಾಯಿಗೆ ಹುಳದ ಮಾತು ಹಾಕ್ಬ್ಯಾಡಿ. ಬ್ಯಾಡ ಅನ್ನೋ ಹಂಗಾದ್ರೂ ಬುಡಿ ಅವಳನ್ನ," ಎಂದಳು. ಕೂಗಾಟ ನಿಂತಿತು. ಆಮೇಲೆ ಆ ಹಟ್ಟಿಯಲ್ಲಿ ಮೀಸಲಿಗೂ ಮದ್ದು ಹಾಕುವುದು ರೂಢಿಯಾಯಿತು. ಕೆಲವು ಟಗರು ಒದರುತ್ತವೆ, ಕೆಲವು ಒದರುವುದಿಲ್ಲ. ಒದರದೆ ಉಳಿದವು ಅವಳ ಮಂದೆಯಲ್ಲಿಯೇ ಮುದಿಯಾಗುತ್ತವೆ.

ಶುಕ್ರವಾರ ಅವಳು ಗುಡಿಗೆ ಹೋಗುವುದನ್ನು ಬಿಡಲಿಲ್ಲ. ಎಣ್ಣೆ ಹಾಕುತ್ತಾಳೆ, ಬತ್ತಿ ಸರಿಮಾಡುತ್ತಾಳೆ, ಕೂರುತ್ತಾಳೆ. ಸುದ್ದಿ ಹೇಳುವುದಿಲ್ಲ. ಏನನ್ನೂ ಕೇಳುವುದೂ ಇಲ್ಲ. ಬೇಗ ಎದ್ದುಬರುವ ಅವಳನ್ನು ನೋಡಿ ನಿಂಗಮ್ಮ ಈಗ ನಗುವುದಿಲ್ಲ.

ಬಿಸಿಲೇರಿದಾಗ ಹೊಂಗೆಯ ಅಡಿ ಕುರಿಗಳು ತಲೆ ಬಗ್ಗಿಸಿ ಗುಂಪಾಗುತ್ತವೆ. ಅವಳು ಹೊಗೆ ಹಾಕಿ ಪಕ್ಕದಲ್ಲಿ ಕೂರುತ್ತಾಳೆ. ಎಲ್ಲೋ ಒಂದು ಸಣ್ಣ ಗುಂಯ್ ಕೇಳುತ್ತದೆ. ಗುಂಪಿನೊಳಗೆ ಜಾಗ ಸಿಗದ ಯಾವುದಾದರೂ ಮರಿ ಅತ್ತಿತ್ತ ಓಡಾಡಿ, ಕೊನೆಗೆ ಬಂದು ಅವಳ ಮೊಣಕಾಲಿಗೆ ಮೂಗು ಒತ್ತುತ್ತದೆ. ಅವಳು ಅದಕ್ಕೆ ಹೆಸರಿಡುವುದಿಲ್ಲ. ಸೆರಗು ಮಾತ್ರ ಹೊದಿಸುತ್ತಾಳೆ, ಗುಂಯ್ ಎನ್ನುವುದು ದೂರ ಹೋಗುವವರೆಗೆ.