ಝೋಲಾಳ ಲೋಟ

ಕಾವಲುಗೇಟಿನ ಮುಂದೆ ಕಾರು ನಿಂತಾಗಲೆಲ್ಲ ಆರ್ಡೆಲ್ಲಾ ಚಿಸಮ್ ಒಂದೊಂದು ಹೆಸರು ಹೇಳುತ್ತಿದ್ದಳು. ಒಂದು ಭಾನುವಾರ ಷೀಬಾದ ರಾಣಿ, ಇನ್ನೊಂದು ಭಾನುವಾರ ಏಡಿ ಕಾರ್ಖಾನೆಯ ಯಜಮಾನಿ. ಕಾವಲುಗಾರ ಕೆಲ್ವಿನ್ ಅವಳ ದ್ವೀಪದವನೇ. ತಲೆ ನರೆಯತೊಡಗಿದ್ದರೂ ಅವಳ ಪಾಲಿಗೆ ಇನ್ನೂ ಹುಡುಗನೇ.

"ಹೆಸರು ಹೇಳಿ ಆಂಟಿ. ಬರ್ಕೊಳ್ಳಲೇಬೇಕು, ಮೇಲಿನವರು ನೋಡ್ತಾರೆ."

"ನಿನ್ನ ಮೂಗು ಒರೆಸಿ ದೊಡ್ಡವನ್ನ ಮಾಡಿದವಳು ಅಂತ ಬರ್ಕೋ."

"ಅದನ್ನ ಹೋದ ವಾರವೇ ಬರೆದಾಯ್ತಲ್ಲ."

ಇಬ್ಬರೂ ನಗುತ್ತಿದ್ದರು. ಆದರೆ ಅದು ನಗುವ ವಿಷಯವಾಗಿರಲಿಲ್ಲ. ಗೇಟಿನ ಆಚೆಗೆ ಗಾಲ್ಫ್ ಮೈದಾನ, ಬಿಳಿಯರ ರಜಾಮನೆಗಳು. ಅವೆಲ್ಲ ಮುಗಿದ ಮೇಲೆ ಹಿನ್ನೀರಿನ ಅಂಚಿಗೆ ದ್ವೀಪದ ಕಪ್ಪುಜನರ ಸ್ಮಶಾನ. ಹತ್ತಿಹೊಲದ ಗುಲಾಮಗಿರಿಯಿಂದ ಬಿಡಿಸಿಕೊಂಡ ಮುತ್ತಜ್ಜಂದಿರು ಬೆವರು ಸುರಿಸಿ ಕೊಂಡಿದ್ದ ನೆಲ ಅದು. ದ್ವೀಪಕ್ಕೆ ಸೇತುವೆ ಬಂತು, ಸೇತುವೆಯ ಮೇಲೆ ವಕೀಲರು ಬಂದರು, ನೆಲ ಕೈಬಿಟ್ಟು ಹೋಯಿತು. ಸತ್ತವರು ಮಾತ್ರ ಎದ್ದು ಹೋಗಲಿಲ್ಲ. ತನ್ನ ತಾಯಿಯ ಗೋರಿಗೆ ಹೋಗಲು ಮನುಷ್ಯ ಅಪ್ಪಣೆ ಕೇಳಬೇಕು ಎಂದರೆ ಅದಕ್ಕೆ ಏನನ್ನಬೇಕೋ ನೀವೇ ಹೇಳಿ.

ಆರ್ಡೆಲ್ಲಾ ಲಂಗ ತೊಡುವ ವಯಸ್ಸಿನಲ್ಲೇ ಏಡಿ ಬಿಡಿಸುವ ಕಾರ್ಖಾನೆ ಸೇರಿದವಳು. ಅದು ಬಾಗಿಲು ಹಾಕುವವರೆಗೂ ಅಲ್ಲೇ ದುಡಿದಳು. ಚಿಪ್ಪು ಕೊಯ್ದ ಗೆರೆಗಳು ಇವತ್ತಿಗೂ ಅವಳ ಬೆರಳುಗಳಲ್ಲಿವೆ. ಆಮೇಲೆ ಪ್ರಾರ್ಥನಾಮನೆಯ ಅಡುಗೆ ಹಿಡಿದಳು. ಮದುವೆ ಇರಲಿ, ಮಣ್ಣು ಇರಲಿ, ಕೆಂಪನ್ನವೂ ಬೆಂಡೆಕಾಯಿ ಸಾರೂ ಅವಳ ಕೈಯದೇ ಆಗಬೇಕು. ಬಾಯಿ ಜೋರು, ಕೈ ಇನ್ನೂ ಜೋರು; ಬಯ್ಯುತ್ತಲೇ ತಟ್ಟೆ ತುಂಬಿಸುವಳು, ಬೇಡ ಎಂದವರಿಗೆ ಇನ್ನೊಂದು ಸೌಟು ಹೆಚ್ಚು.

ಅವಳ ಗಂಡ ಏಮೋಸ್ ಬಲೆ ಹೆಣೆಯುತ್ತಿದ್ದವನು. ಅವರಿಗೆ ಹುಟ್ಟಿದ್ದು ಒಂದೇ ಮಗು, ಝೋಲಾ. ಅದಕ್ಕೆ ಎರಡು ವರ್ಷವಿದ್ದಾಗ ಜ್ವರ ಬಂತು. ಆಗ ಸೇತುವೆ ಇರಲಿಲ್ಲ. ದೋಣಿಯಲ್ಲಿ ಆಚೆ ದಡದ ಆಸ್ಪತ್ರೆಗೆ ಹೋದರೆ ಕಪ್ಪುಜನರಿಗೆ ಹಿಂಬಾಗಿಲ ಕೋಣೆ, ಬಿಳಿಯರ ಸರದಿ ಮುಗಿದ ಮೇಲೆ ಅವರ ಸರದಿ. ಆ ಸರದಿ ಬರುವಷ್ಟರಲ್ಲಿ ಮಗು ಅವಳ ಮಡಿಲಲ್ಲೇ ತಣ್ಣಗಾಗಿತ್ತು. ಈ ಮಾತನ್ನು ಆರ್ಡೆಲ್ಲಾ ಯಾರ ಹತ್ತಿರವೂ ಉದ್ದ ಮಾಡಿ ಹೇಳಿದವಳಲ್ಲ.

ಆ ಜನರಲ್ಲಿ ಒಂದು ಪದ್ಧತಿ ಇದೆ. ಸತ್ತವರು ಕೊನೆಗೆ ಮುಟ್ಟಿದ ವಸ್ತುವನ್ನು ಗೋರಿಯ ಮೇಲೆ ಇಡುತ್ತಾರೆ: ಊಟದ ತಟ್ಟೆ, ಔಷಧಿ ಶೀಸೆ, ದೀಪ, ಗಡಿಯಾರ. ಇಡುವ ಮುಂಚೆ ಅದನ್ನು ಒಡೆಯಬೇಕು. ಒಡೆದರೆ ಸಾವಿನ ಸರಪಳಿ ಅಲ್ಲಿಗೇ ಕಡಿದು, ಮನೆಯ ಇನ್ನೊಬ್ಬರು ಹಿಂದೆಯೇ ಹೋಗುವುದಿಲ್ಲ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಹೆಸರು ಕೆತ್ತಿದ ಕಲ್ಲು ಹಾಕಿಸುವ ಶಕ್ತಿ ಇಲ್ಲದವರಿಗೆ ಆ ಚೂರುಗಳೇ ಹೆಸರು. ಝೋಲಾಳ ಗೋರಿಯ ಮೇಲೆ ಇದ್ದದ್ದು, ಮಣ್ಣಲ್ಲಿ ಅರ್ಧ ಹೂತಿದ್ದ, ಹಳದಿ ಕೋಳಿಮರಿಯ ಚಿತ್ರದ ಒಂದು ಪಿಂಗಾಣಿ ಲೋಟ.

ಇಂಥಲ್ಲಿಗೆ ವೇಕ್‌ಲಿನ್ ಪ್ರತಿಷ್ಠಾನ ಬಂತು. ಪಟ್ಟಣದಲ್ಲಿ ಅದಕ್ಕೊಂದು ಗಾಜಿನ ಕಟ್ಟಡ. ಅದರ ದುಡ್ಡು ಹತ್ತಿಗಿರಣಿಯ ದುಡ್ಡು. ಆ ಹತ್ತಿ ಬಿಡಿಸಿದ್ದು ಯಾರ ಅಜ್ಜ ಎನ್ನುವುದು ದ್ವೀಪದವರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಹೇಳುವವಳು ಆರ್ಡೆಲ್ಲಾ ಒಬ್ಬಳೇ. ಬಣ್ಣದ ಕಾರಣಕ್ಕೆ ಆದ ಅನ್ಯಾಯವನ್ನು ಸರಿಮಾಡುವ ಕೆಲಸಗಳಿಗೆ ನೆರವಾಗಬೇಕೆಂದು ಆ ಮನೆತನದ ಈಗಿನ ತಲೆಮಾರು ನಿರ್ಧರಿಸಿತ್ತು. ಮನಸ್ಸೇನೋ ಒಳ್ಳೆಯದೇ. ದ್ವೀಪದ ಕೆಲಸ ನೋಡಿಕೊಳ್ಳಲು ಬಂದ ರೊಶೆಲ್ ಕೂಡ ಕಪ್ಪು ಹೆಣ್ಣುಮಗಳು. ಪಟ್ಟಣದಲ್ಲಿ ಬೆಳೆದು ಚೆನ್ನಾಗಿ ಓದಿದವಳು.

ಸ್ಮಶಾನ ಮುಳ್ಳುಪೊದೆಯಲ್ಲಿ ಮುಚ್ಚಿಹೋಗಿದೆ, ಮೊದಲು ಅದನ್ನು ಚೊಕ್ಕಟ ಮಾಡಿಸೋಣ ಎಂದುಕೊಂಡಳು ರೊಶೆಲ್. ಒಂದು ಶನಿವಾರ ಪಟ್ಟಣದಿಂದ ಬಸ್ಸು ತುಂಬ ಸ್ವಯಂಸೇವಕರು ಬಂದರು. ಸಂಜೆಯ ಹೊತ್ತಿಗೆ ಪೊದೆಯೂ ಇಲ್ಲ, ಚೂರುಗಳೂ ಇಲ್ಲ. ಒಡೆದ ತಟ್ಟೆ, ಕೆಟ್ಟ ಗಡಿಯಾರ, ತುಕ್ಕು ಹಿಡಿದ ದೀಪ ಎಲ್ಲ ಚೀಲ ಸೇರಿ ಪ್ರಾರ್ಥನಾಮನೆಯ ಹಿಂದೆ ಕಸದ ಲಾರಿಗೆ ಕಾಯುತ್ತಿದ್ದವು.

ಮಾರನೆಯ ದಿನ ಹೋದ ಆರ್ಡೆಲ್ಲಾ ಕಂಡದ್ದು ಆಗತಾನೆ ಬೋಳಿಸಿದ ತಲೆಯಂಥ ನೆಲ. ಮಗಳು ಮಲಗಿದ್ದ ಜಾಗ ಅವಳಿಗೆ ಗೊತ್ತಿತ್ತು, ತಾಯಿಯ ಪಕ್ಕ, ಓಕ್ ಮರದ ಬೇರಿನ ಬಗಲಲ್ಲಿ. ಲೋಟ ಮಾತ್ರ ಇರಲಿಲ್ಲ. ಅವಳು ಬೇರಿನ ಮೇಲೆ ಕೂತು, ಖಾಲಿ ಮಣ್ಣನ್ನು ಕೈಯಿಂದ ಸವರಿ ಸವರಿ ನೋಡಿದಳು.

ಸೋಮವಾರ ಬೆಳಿಗ್ಗೆ ರೊಶೆಲ್ ಎಳ್ಳಿನ ಬಿಸ್ಕತ್ತಿನ ಪೊಟ್ಟಣ ಹಿಡಿದು ನಗುನಗುತ್ತ ಪ್ರಾರ್ಥನಾಮನೆಗೆ ಬಂದಳು. ಆರ್ಡೆಲ್ಲಾ ಒಲೆಯ ಕಡೆಯಿಂದ ತಿರುಗಲಿಲ್ಲ.

"ನೋಡಿದ್ರಾ ಮಿಸ್ ಆರ್ಡೆಲ್ಲಾ? ಹ್ಯಾಗಾಗಿದೆ?"

"ಯಾರನ್ನ ಕೇಳಿ ಮಾಡಿದೆ ಮಗಳೇ?"

"ಪಾದ್ರಿಗಳನ್ನ ಕೇಳಿದ್ವಿ. ಧಾರಾಳವಾಗಿ ಮಾಡಿ ಅಂದ್ರು."

"ಅವರು ಹೋದ ಈಸ್ಟರಿಗೆ ಬಂದೋರು. ಇಲ್ಲಿ ಬಾವಿ ಯಾವುದು ಬಚ್ಚಲು ಯಾವುದು ಅಂತ ಅವರಿಗೇ ಇನ್ನೂ ತಿಳಿದಿಲ್ಲ. ನಿಮ್ಮ ಕೈಯೇನೋ ಒಳ್ಳೇದು ಕಣೆ, ಕಿವಿ ಮಾತ್ರ ಪಟ್ಟಣದಲ್ಲೇ ಬಿಟ್ಟು ಬರ್ತೀರಿ." ಆಮೇಲೆ ದನಿ ಏರಿಸದೆ, ಗೋರಿಯ ಮೇಲೆ ಏನಿಡುತ್ತಾರೆ, ಯಾಕಿಡುತ್ತಾರೆ ಎಲ್ಲ ಹೇಳಿದಳು.

ರೊಶೆಲ್ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟಳು. ಹಿಂದುಗಡೆ ಲಾರಿಯ ಸದ್ದು ಕೇಳಿದ್ದೇ ತಡ, ಎತ್ತರ ಹಿಮ್ಮಡಿಯ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿದಳು. ಹುಡುಗಿ ಓಡಿದ ರೀತಿ ನೋಡಿ ಆರ್ಡೆಲ್ಲಾಳ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಬೇಕಾಗಬಹುದೆಂದು ಇಟ್ಟುಕೊಂಡಳು.

ಚೀಲಗಳು ಉಳಿದವು. ಪ್ರಾರ್ಥನಾಮನೆಯ ಉದ್ದದ ಮೇಜುಗಳ ಮೇಲೆ ಹಾಸಿಗೆಬಟ್ಟೆ ಹರವಿ ಎಲ್ಲವನ್ನೂ ಸುರಿದರು. ದ್ವೀಪವೇ ನೆರೆಯಿತು. ಒಬ್ಬ ಮುದುಕ ಒಡೆದ ಗಾಜಿನ ತುಂಡೆತ್ತಿ "ಇದು ನಮ್ಮಪ್ಪನ ಕೆಮ್ಮಿನ ಔಷಧಿ" ಎಂದು ಮೂಸಿ ನೋಡಿದ. ಆರ್ಡೆಲ್ಲಾಳ ಬಾಲ್ಯದ ಗೆಳತಿ, ಬಾಲ್ಯದ ಶತ್ರುವೂ ಆದ ಹೆಸ್ಟರ್ ಮ್ಯಾಕಿ ಒಂದು ಚಹಾ ಜಾಡಿಯ ಮೂತಿ ಹಿಡಿದುಕೊಂಡು ಬಿಡಲೊಲ್ಲಳು.

"ಇದು ನಮ್ಮತ್ತೇದು."

"ನಿಮ್ಮತ್ತೆ ಹುಟ್ಟಿದಾಗಿಂದ ಚಹಾ ಕುಡಿದವಳಲ್ಲ," ಎಂದಳು ಆರ್ಡೆಲ್ಲಾ. "ಅವಳು ಕುಡೀತಿದ್ದದ್ದು ಯಾವ ಜಾಡೀಲಿತ್ತು ಅಂತ ಊರಿಗೆಲ್ಲ ಗೊತ್ತು."

ಅಳುತ್ತಿದ್ದವರೂ ನಕ್ಕರು. ಸಂಜೆಯೊಳಗೆ ಹೆಚ್ಚುಕಡಿಮೆ ಎಲ್ಲದಕ್ಕೂ ಒಡೆಯರು ಸಿಕ್ಕರು. ಕೋಳಿಮರಿ ಲೋಟ ಮಾತ್ರ ಯಾವ ಚೀಲದಲ್ಲೂ ಇರಲಿಲ್ಲ. ಆರ್ಡೆಲ್ಲಾ ಖಾಲಿ ಚೀಲಗಳನ್ನು ಮತ್ತೊಮ್ಮೆ ಕೊಡವಿ, ಕಾಫಿ ಮಾಡಲು ಎದ್ದಳು. ಸಕ್ಕರೆ ಮುಗಿದಿತ್ತು. ಹೊಸ ಪೊಟ್ಟಣಕ್ಕೆಂದು ಮೇಲಿನ ಕಪಾಟು ತೆರೆದರೆ, ಅಲ್ಲಿ ಫಳಫಳ ತೊಳೆದ ಲೋಟದಲ್ಲಿ ಕಾಗದದ ಕರವಸ್ತ್ರಗಳನ್ನು ಚೆಂದವಾಗಿ ಜೋಡಿಸಿಟ್ಟಿದ್ದರು. ಹೂವಿನಂತೆ ಮಡಿಸಿದ ಆ ಕರವಸ್ತ್ರಗಳ ನಡುವೆ ಕೋಳಿಮರಿ ಇಣುಕುತ್ತಿತ್ತು.

"ಇದೊಂದು ಒಡೆದಿರಲಿಲ್ಲ," ಎಂದಳು ಹಿಂದೆ ಬಂದ ರೊಶೆಲ್. "ಚೆನ್ನಾಗಿದೆಯಲ್ಲಾಂತ ನಾನೇ ತೊಳೆದು ಇಲ್ಲಿಟ್ಟೆ."

ಬಾಗಿಲಲ್ಲಿದ್ದ ಹೆಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನೀನು ಒಡೀಲೇ ಇಲ್ವಾ ಬೈನಾ?" ಬೈನಾ ಎಂಬುದು ಆರ್ಡೆಲ್ಲಾಳನ್ನು ಚಿಕ್ಕಂದಿನಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರು. "ಒಡೀದೆ ಇಟ್ಟೆಯಾ? ಮರುವರ್ಷವೇ ಏಮೋಸ್ ಹೋದನಲ್ಲೇ. ನಾವೆಲ್ಲ ಯಾಕೆ, ಯಾಕೆ ಅಂತಿದ್ವಿ."

ಆರ್ಡೆಲ್ಲಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎರಡು ವರ್ಷದ ಕೂಸು ಹೆಸ್ಟರ್. ಒಡೆದ ಲೋಟದಲ್ಲಿ ಹ್ಯಾಗೆ ಕುಡೀತಿತ್ತು ಹೇಳು."

ಹೆಸ್ಟರ್ ಬಂದು ಗೆಳತಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

ಮರುದಿನ ಎಲ್ಲರೂ ತಂತಮ್ಮ ಚೂರುಗಳನ್ನು ಹಿಡಿದು ಗೇಟಿನಲ್ಲಿ ಹೆಸರು ಬರೆಸಿ ಹೋಗಿ ಇಟ್ಟುಬಂದರು. ಆರ್ಡೆಲ್ಲಾ ಹೋಗಲಿಲ್ಲ. "ಒಂದು ಸಲ ಕಸ ಅನ್ನಿಸಿಕೊಂಡಿದೆ. ಇನ್ನು ಇದು ಆ ಗೇಟಲ್ಲಿ ಅಪ್ಪಣೆ ಕೇಳ್ಕೊಂಡು ಹೋಗಲ್ಲ," ಎಂದು ಲೋಟವನ್ನು ತನ್ನ ಅಡುಗೆಮನೆಯ ಕಿಟಕಿಯಲ್ಲಿಟ್ಟಳು.

ತಪ್ಪಿಗೆ ಪರಿಹಾರವಾಗಿ ಪ್ರತಿಷ್ಠಾನದವರು ಸ್ಮಶಾನಕ್ಕೆ ಕಂಚಿನ ಫಲಕದ ಕಮಾನು ಕಟ್ಟಿಸುತ್ತೇವೆ, ಪಟ್ಟಣಕ್ಕೆ ಬಂದು ಮಾತಾಡಿ ಎಂದು ಕರೆದರು. "ಹಸಿವಾದವರು ಅಡುಗೆಮನೆಗೆ ಬರಲಿ," ಎಂದಳು ಆರ್ಡೆಲ್ಲಾ. ಬಂದರು. ಕೆಂಪನ್ನ ತಿಂದರು, ಎರಡನೆಯ ಸಲ ಬಡಿಸಿಕೊಂಡರು. ಹಿರಿಯ ವೇಕ್‌ಲಿನ್ ಬಾಯಿ ಒರೆಸಿಕೊಂಡು, ನಿಮಗೆ ಏನು ಬೇಕು ಎಂದು ಮೊದಲ ಸಲ ಕೇಳಿದರು.

"ಕಮಾನು ಬೇಡ, ದಾರಿ ಬೇಕು. ನಮ್ಮ ಗೋರಿಗೆ ನಾವು ಹೋಗೋಕೆ ಯಾರನ್ನೂ ಕೇಳಬಾರದು. ಅದಕ್ಕೆ ವಕೀಲ ಬೇಕು."

"ಕೋರ್ಟಿನ ಕೆಲಸಕ್ಕೆ ನಾವು ನೆರವು ಕೊಡುವ ರೂಢಿ ಇಲ್ಲವಲ್ಲ," ಎಂದರು ಅವರು, ಮೆತ್ತಗೆ.

"ಗುಡಿಸೋಕೆ ಇದೆ, ಬಾಗಿಲು ತೆಗೆಸೋಕೆ ಇಲ್ಲ," ಎಂದಳು ಆರ್ಡೆಲ್ಲಾ. "ರೂಢಿ ನೀವು ಮಾಡಿದ್ದು ತಾನೆ ಸ್ವಾಮಿ? ಇನ್ನೊಂದು ಮಾಡಿ. ಗೆಣಸಿನ ಸಿಹಿ ಇದೆ, ತಿಂತಾ ಯೋಚನೆ ಮಾಡಿ."

ಒಂದೇ ಸಿಹಿಗೆ ಕರಗುವ ಜನ ಅವರಲ್ಲ. ಆದರೆ ರೊಶೆಲ್ ಬಿಡಲಿಲ್ಲ. ಗಾಜಿನ ಕಟ್ಟಡದಲ್ಲಿ ಜಗಳವಾಡಿದಳು, ಕೆಲಸ ಹೋದರೆ ಹೋಗಲಿ ಎಂದಳು. ಕೊನೆಗೆ ಪ್ರತಿಷ್ಠಾನ ವಕೀಲರನ್ನು ಕೊಟ್ಟಿತು. ದ್ವೀಪದ ಕೆಲಸಕ್ಕೆ ತೆಗೆದಿಟ್ಟ ಹಣ ಯಾವುದಕ್ಕೆ ಎಂಬುದನ್ನು ಇನ್ನು ಮೇಲೆ ಪ್ರಾರ್ಥನಾಮನೆಯಲ್ಲಿ ಕೂತ ದ್ವೀಪದವರೇ ಹೇಳಬೇಕೆಂದೂ ಒಪ್ಪಿತು. ಮೊದಲ ಸಭೆಯಲ್ಲೇ ಆರ್ಡೆಲ್ಲಾ ಮತ್ತು ಹೆಸ್ಟರ್ ಕಿತ್ತಾಡಿದರು. ರೊಶೆಲ್ ಮೂಲೆಯಲ್ಲಿ ಕೂತು ಬಾಯಿ ತೆರೆಯದೆ ಕೇಳಿದಳು.

ಕೋರ್ಟು ತೀರ್ಪು ಕೊಡುವಷ್ಟರಲ್ಲಿ ಕಿಟಕಿಯ ಲೋಟದ ಮೇಲೆ ಎರಡು ಚಳಿಗಾಲದ ಬಿಸಿಲು ಬಿದ್ದಿತ್ತು. ಸ್ಮಶಾನದ ದಾರಿ ದ್ವೀಪದವರದು, ಅವರನ್ನು ತಡೆಯುವಂತಿಲ್ಲ, ಹೆಸರು ಕೇಳುವಂತಿಲ್ಲ ಎಂದಾಯಿತು. ಆ ಭಾನುವಾರ ರೊಶೆಲ್ ಕಾರು ಓಡಿಸಿದಳು. ಪಕ್ಕದಲ್ಲಿ ಆರ್ಡೆಲ್ಲಾ, ಮಡಿಲಲ್ಲಿ ಲೋಟ. ದೂರದಿಂದ ಕಂಡೊಡನೆಯೇ ಕೆಲ್ವಿನ್ ಅಡ್ಡಗೋಲನ್ನು ಮೇಲೆತ್ತಿ ನಿಂತ.

"ನಿಲ್ಲಿಸೇ," ಎಂದಳು ಆರ್ಡೆಲ್ಲಾ. ಕಾರು ನಿಂತಿತು. ಅವಳು ಕಿಟಕಿ ಇಳಿಸಿದಳು.

"ಇವತ್ತು ಕೇಳಲ್ವೇನೋ?"

"ಕೇಳೋ ಹಾಗಿಲ್ಲ ಆಂಟಿ. ಹೋಗಿ."

"ಕೇಳು. ಇವತ್ತು ಸರಿಯಾಗಿ ಹೇಳ್ತೀನಿ."

ಕೆಲ್ವಿನ್ ಟೋಪಿ ತೆಗೆದ. "ಹೆಸರು?"

"ಝೋಲಾಳ ಅಮ್ಮ."

ಅವನು ಬರೆದುಕೊಳ್ಳಲಿಲ್ಲ. ಟೋಪಿ ಕೈಯಲ್ಲೇ ಹಿಡಿದು, ಕಾರು ಓಕ್ ಮರಗಳ ಕಡೆಗೆ ತಿರುಗುವವರೆಗೂ ಹಾಗೆಯೇ ನಿಂತಿದ್ದ.