ಮಯ್ಯತ್ ತೊಳೆಯುವ ಬದ್ರು ಆಪಾಳ ಓಟು

ಶಿವಾಜಿನಗರದ ಆ ನಾಲ್ಕೈದು ಗಲ್ಲಿಗಳಲ್ಲಿ ಹೆಂಗಸೊಬ್ಬಳು ತೀರಿಕೊಂಡರೆ ಮೊದಲು ಅಳು ಕೇಳಿಸುತ್ತದೆ, ಅದರ ಹಿಂದೆಯೇ "ಬದ್ರು ಆಪಾಗೆ ಹೇಳಿದ್ರಾ?" ಎಂಬ ಮಾತು. ಗಲ್ಲಿಗೆಲ್ಲ ಅಕ್ಕನಾದ ಬದ್ರುನ್ನೀಸಾ ಬರುತ್ತಾಳೆ. ಗಂಡಸರನ್ನು ಗಲ್ಲಿಗೆ ಅಟ್ಟುತ್ತಾಳೆ, ಗಟ್ಟಿ ಮನಸ್ಸಿನ ಇಬ್ಬರು ಹೆಂಗಸರನ್ನು ಉಳಿಸಿಕೊಳ್ಳುತ್ತಾಳೆ, ಬಾಗಿಲು ಹಾಕುತ್ತಾಳೆ. ಎಲಚಿ ಸೊಪ್ಪು ಹಾಕಿ ಕಾಯಿಸಿದ ನೀರಿನಲ್ಲಿ ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಕೊನೆಯ ಸ್ನಾನ ಮಾಡಿಸಿ ಕಫನಿನ ಬಿಳಿ ಬಟ್ಟೆ ಹೊದಿಸುತ್ತಾಳೆ. ಈ ಕೆಲಸಕ್ಕೆ ಮೂವತ್ತೆಂಟು ವರ್ಷವಾಯಿತು. ಅವಳಿಗೀಗ ಅರವತ್ತೆರಡು.

ಶುರುವಾಗಿದ್ದು ಸಿಟ್ಟಿನಿಂದ. ಅವಳ ಅಮ್ಮ ಕ್ಷಯ ತಗಲಿ ಸತ್ತಾಗ ತೊಳೆಯುವವಳು ಹೊಸ್ತಿಲವರೆಗೆ ಬಂದು, ಮೂಗಿಗೆ ಸೆರಗು ಹಿಡಿದು, ಹಿಂದಿರುಗಿದಳು. ಇಪ್ಪತ್ತನಾಲ್ಕರ ಹುಡುಗಿ ತಾನೇ ತೋಳು ಮಡಿಸಿಕೊಂಡು ನಿಂತಳು. ಕೊರೊನಾ ಕಾಲದಲ್ಲಿ ಸ್ವಂತ ಮಕ್ಕಳೇ ಆಸ್ಪತ್ರೆಯ ಗೇಟಿನಾಚೆ ನಿಂತಾಗಲೂ ಒಳಗೆ ಹೋದವಳು ಅವಳೇ. "ಬದುಕಿರೋರಿಗೆ ಹೆದರ್ಬೇಕಮ್ಮ, ಸತ್ತೋರು ಏನ್ ಮಾಡ್ತಾರೆ?" ಎನ್ನುತ್ತಿದ್ದಳು. ಆದರೆ ಬದುಕಿರುವವರಿಗೂ ಅವಳು ಹೆದರಿದ್ದನ್ನು ಕಂಡವರಿಲ್ಲ.

ಇಂಥವಳನ್ನು ಸರ್ಕಾರ ಸಾಯಿಸಿತು, ಒಂದು ಉಪಚುನಾವಣೆಯ ನೆಪದಲ್ಲಿ.

ಆ ಭಾಗದಿಂದ ಲೋಕಸಭೆಗೆ ಗೆದ್ದು ಹೋಗಿದ್ದ ಮಹಾಶಯರು ಹದಿನಾಲ್ಕು ತಿಂಗಳಿಗೇ ದೆಹಲಿ ಸಾಕೆಂದು ರಾಜೀನಾಮೆ ಬಿಸಾಕಿ, ಬೆಂಗಳೂರಿನಲ್ಲಿ ಮಂತ್ರಿಯಾಗಲು ವಾಪಸು ಬಂದರು. ಯಾರನ್ನು ಕೇಳಿ ಬಂದರು? ಓಟು ಹಾಕಿದವರನ್ನಂತೂ ಅಲ್ಲ. ಖಾಲಿ ಕುರ್ಚಿ ತುಂಬಲು ಮತ್ತೆ ಮೈಕು, ಮತ್ತೆ ಬಿರಿಯಾನಿ, ಮತ್ತೆ ಕೈ ಮುಗಿಯುವ ನಾಟಕ. ಮನೆಮನೆಗೂ ಮತದಾರರ ಚೀಟಿ ಬಂತು. ಬದ್ರುನ್ನೀಸಾಗೆ ಬರಲಿಲ್ಲ. ಹಳೆಯ ಕಾರ್ಡು ಇದೆಯಲ್ಲ ಎಂದುಕೊಂಡು ಮತದಾನದ ದಿನ ಬೆಳಿಗ್ಗೆ ಹತ್ತಕ್ಕೆ ಬುರ್ಖಾ ತೊಟ್ಟು ಶಾಲೆಗೆ ಹೋದಳು.

ಶಾಲೆಯ ಗೇಟಿನ ಬಳಿ ಮೇಜು ಹಾಕಿಕೊಂಡು ಕೂತಿದ್ದವಳು ಆಂಜನಮ್ಮ. ಜೋಗುಪಾಳ್ಯದವಳು, ಅಂಗನವಾಡಿ ಟೀಚರು, ಈ ಬೂತಿನ ಪಟ್ಟಿ ಸರಿಪಡಿಸುವ ಹೊಣೆಯನ್ನೂ ಅವಳ ತಲೆಗೇ ಕಟ್ಟಿದ್ದರು. ಪಟ್ಟಿ ನೋಡಿ ಅವಳ ಮುಖ ಬಿಳಿಚಿತು.

"ಆಪಾ... ನೀವು ತೀರ್ಕೊಂಡಿದ್ದೀರಾ ಅಂತ ಇದೆ."

"ಯಾವಾಗ?"

"ಹೋದ ತಿಂಗಳು ಮಸೀದಿಯೋರು ದಫನ್ ರಿಜಿಸ್ಟರ್ ಫೋಟೋ ಕಳಿಸಿದ್ರಲ್ಲ, ಅದ್ರಲ್ಲಿ ನೋಡೇ ಬರ್ಕೊಂಡಿದ್ದು."

ಮೊಬೈಲ್ ತೆಗೆದು ತೋರಿಸಿದಳು. ಸಮಾಧಿ ಮಾಡಿದವರ ಲೆಕ್ಕವಿಡುವ ಆ ರಿಜಿಸ್ಟರ್ ಉರ್ದುವಿನದು, ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ಬಲತುದಿಯಲ್ಲಿ ಸತ್ತವರ ಹೆಸರು, ಎಡತುದಿಯಲ್ಲಿ ತೊಳೆದವರ ಹೆಸರು. ಆಂಜನಮ್ಮನಿಗೆ ಅನುಕೂಲವಾಗಲೆಂದು ಮಸೀದಿಯ ಗುಮಾಸ್ತ ಪ್ರತಿ ಹೆಸರಿನ ಕೆಳಗೂ ಕನ್ನಡದಲ್ಲಿ ಬರೆದು ಕಳಿಸಿದ್ದ. ಕನ್ನಡ ಓದುವ ಅಭ್ಯಾಸದವಳು ಎಡದಿಂದ ಶುರು ಮಾಡಿದಳು. ಸಿಕ್ಕ ಮೊದಲ ಹೆಸರನ್ನು ಸತ್ತವರದೆಂದು ಗುರುತು ಹಾಕಿಕೊಂಡಳು. ಆ ಪುಟದಲ್ಲಿ ಆರು ಹೆಂಗಸರು ಸತ್ತಿದ್ದರು; ಎಡತುದಿಯಲ್ಲಿ ಆರು ಸಲವೂ ಒಂದೇ ಹೆಸರು.

"ಆರು ಸಲ ಸತ್ತಿದ್ದೀನಿ, ನಿಮಗೆ ಒಂದ್ ಸಲಾನೂ ಅನುಮಾನ ಬರ್ಲಿಲ್ವಾ?"

"ನಿಮ್ಮೋರಲ್ಲಿ ಈ ಹೆಸರು ಜಾಸ್ತಿ ಇರತ್ತೆ ಅಂದ್ಕೊಂಡೆ ಆಪಾ," ಎಂದಳು ಆಂಜನಮ್ಮ, ಅಳುವ ದನಿಯಲ್ಲಿ. "ಒಂದೊಂದು ದಿನಕ್ಕೆ ನೂರಿಪ್ಪತ್ತು ಮನೆ. ಕಾಲು ಊದ್ಕೊಂಡು ಹೋಗಿತ್ತು."

ಅವಳನ್ನು ಬೈಯಲು ಬದ್ರುನ್ನೀಸಾಗೆ ಮನಸ್ಸಾಗಲಿಲ್ಲ. ಆದರೆ ಸುಮ್ಮನೆ ಮನೆಗೆ ಹೋಗಲಂತೂ ಮನಸ್ಸಾಗಲೇ ಇಲ್ಲ. ಪಕ್ಕದ ಗಲ್ಲಿಯ ಆಬಿದಾಳನ್ನು ಹೀಗೇ ಯಾವುದೋ ಪಟ್ಟಿಯಲ್ಲಿ ಸಾಯಿಸಿದ್ದರು. ಪಿಂಚಣಿ ನಿಂತಿತು, ರೇಷನ್ ನಿಂತಿತು, ತಾನು ಉಸಿರಾಡುತ್ತಿದ್ದೇನೆಂದು ಸಾಬೀತುಮಾಡಲು ಎರಡು ವರ್ಷ ಕಚೇರಿ ಮೆಟ್ಟಿಲು ಸವೆಸಿದಳು. ಇವತ್ತು ಓಟು ಹಾಕದೆ ತಿರುಗಿದರೆ ಸತ್ತಿದ್ದನ್ನು ತಾನೇ ಒಪ್ಪಿಕೊಂಡ ಹಾಗೆ. ಬದ್ರುನ್ನೀಸಾ ಸಾಲಿನಲ್ಲಿ ನಿಂತು ಒಳಗೆ ಹೋದಳು.

ಒಳಗೆ ಬೂತಿನ ಮುಖ್ಯ ಅಧಿಕಾರಿ ಪಂಚಾಕ್ಷರಯ್ಯ, ದಾವಣಗೆರೆ ಕಡೆಯವರು, ಯಾವುದೋ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್, ನಿವೃತ್ತಿಗೆ ಎಂಟು ತಿಂಗಳು ಬಾಕಿ. ಬೆಂಚಿನ ಮೇಲೆ ಒಂದು ಪಕ್ಷದ ಏಜೆಂಟ್ ಪ್ರವೀಣ.

"ನೋಡ್ರಿ ಅಮ್ಮಾ, ಮ್ಯಾಲಿನವರು ಕೊಟ್ಟ ಪಟ್ಟಿ ಇದು," ಎಂದರು ಪಂಚಾಕ್ಷರಯ್ಯ. "ನಮ್ಮ ಕೈಯಾಗ ಏನಿಲ್ರಿ."

"ಬೈ ಎಲೆಕ್ಷನ್ ತಾನೇ ಆಂಟಿ," ಪ್ರವೀಣ ನಕ್ಕ. "ಮುಂದಿನ ಸಲ ಹಾಕೋರಂತೆ ಬಿಡಿ."

"ಸತ್ತೋಳಿಗೆ ಮುಂದಿನ ಸಲ ಎಲ್ಲಿಂದ ಬರ್ತದಪ್ಪ?" ಎಂದು ಅವನ ಬಾಯಿ ಮುಚ್ಚಿಸಿ, ಅಧಿಕಾರಿಯ ಕಡೆ ತಿರುಗಿದಳು. "ಸಾರ್, ಸತ್ತೋರನ್ನ ನೀವೆಷ್ಟು ನೋಡಿದ್ದೀರೋ ಗೊತ್ತಿಲ್ಲ. ನಾನು ಎಣಿಸೋದು ಬಿಟ್ಟಿದ್ದೀನಿ. ಸತ್ತೋರಿಗೆ ಗದ್ದ ಕಟ್ತೀವಿ, ಕಾಲಿನ ಹೆಬ್ಬೆರಳು ಎರಡೂ ಸೇರಿಸಿ ಕಟ್ತೀವಿ, ಮೂಗಿಗೆ ಹತ್ತಿ ಇಡ್ತೀವಿ. ನನ್ನಲ್ಲಿ ಯಾವುದಿದೆ ನೋಡಿ. ನಾನು ಸತ್ತಿದ್ದೀನಿ ಅಂತ ಒಂದ್ ಕಾಗದದಲ್ಲಿ ಬರೆದು, ನಿಮ್ ಸೈನ್ ಹಾಕಿ ಕೊಡಿ. ಈಗ್ಲೇ ಹೋಗ್ತೀನಿ."

ಹಿಂದೆ ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕೆಂದರು. ಪಂಚಾಕ್ಷರಯ್ಯ ನಗಲಿಲ್ಲ, ಬೆವರು ಒರೆಸಿಕೊಂಡು ನಿಯಮದ ಪುಸ್ತಕ ತೆರೆದರು. ಹಾಳೆ ತಿರುವುತ್ತ ಅವರ ಮುಖ ಸಡಿಲವಾಯಿತು. ಸತ್ತವರೆಂದು ಗುರುತಾದವರು ಖುದ್ದಾಗಿ ಬಂದರೆ, ಕಾರ್ಡು ನೋಡಿ, ಸಹಿಯ ಜೊತೆಗೆ ಹೆಬ್ಬೆಟ್ಟೂ ತೆಗೆದುಕೊಂಡು ಓಟು ಹಾಕಲು ಬಿಡಬಹುದು. ದಾರಿ ಇತ್ತು. ಬೆಳಿಗ್ಗೆಯಿಂದ ಅದನ್ನು ಹುಡುಕುವ ಗೋಜಿಗೆ ಯಾರೂ ಹೋಗಿರಲಿಲ್ಲ, ಅಷ್ಟೇ.

ಪಕ್ಕದ ಮೇಜಿನಲ್ಲಿದ್ದ ಬೂತಿನ ಗುಮಾಸ್ತೆ ಪಟ್ಟಿಯಲ್ಲಿ ಅವಳ ಹೆಸರು ಹುಡುಕುವಾಗ ಬದ್ರುನ್ನೀಸಾ ಮೇಜಿನ ಮೇಲೆ ಬಗ್ಗಿದಳು. ಅವಳ ಹೆಸರಿನ ಮೇಲಿನ ಸಾಲಿನಲ್ಲಿ ನೂರುನ್ನೀಸಾ. ಅದೇ ವಠಾರದ ಪಕ್ಕದ ಮನೆಯವಳು. ಹೆಸರಿನ ಕೆಳಗೆ ಕೆಂಪು ಗೆರೆ.

"ಇದೇನ್ ಕೆಂಪು ಗೆರೆ?"

"ಬಂದು ವೋಟ್ ಹಾಕಿದ್ದಾರೆ ಅಂತ," ಎಂದಳು ಗುಮಾಸ್ತೆ.

"ರಂಜಾನ್ ಐದನೇ ಉಪವಾಸದ ದಿನ ಇವಳ ತಲೆಗೆ ಕೊನೇ ನೀರು ಹಾಕಿದ್ದು ನಾನು. ಜಡೆ ಬಿಚ್ಚಿ ಮೂರು ಎಳೆ ಮಾಡಿ ಮಲಗಿಸಿದ್ದು ನಾನು. ಇವತ್ತು ಯಾರು ಬಂದಿದ್ರು?"

ಪ್ರವೀಣ ಬೆಂಚಿನಿಂದ ಎದ್ದ. ಬಾಗಿ, ಮೆಲ್ಲನೆ ಹೇಳಿದ: "ಆಂಟಿ, ನಿಮ್ಮ ವೋಟು ಸಿಗ್ತಿದೆಯಲ್ಲ. ಹಾಕಿ ಹೋಗಿ. ಬೇರೆಯವರದ್ದು ಯಾಕೆ? ಸಾರ್ ಮನಸ್ಸು ಬದಲಾಯಿಸಿದ್ರೆ ಕಷ್ಟ."

ಪಂಚಾಕ್ಷರಯ್ಯ ಪುಸ್ತಕದ ಮೇಲೆ ಅಂಗೈ ಇಟ್ಟು ಕೂತಿದ್ದರು. ಅದನ್ನು ಮುಚ್ಚುತ್ತಾರೋ, ತೆರೆದೇ ಇಡುತ್ತಾರೋ ತಿಳಿಯುವಂತಿರಲಿಲ್ಲ. ಇದು ಈ ದೇಶದ ಹಳೆಯ ವ್ಯಾಪಾರ: ನಿನ್ನದೇ ಹಕ್ಕನ್ನು ಭಿಕ್ಷೆಯಂತೆ ಕೈಗಿಟ್ಟು, ಬದಲಿಗೆ ನಿನ್ನ ಮೌನ ಕೇಳುವುದು. ಬಹಳ ಮಂದಿ ಕೊಟ್ಟುಬಿಡುತ್ತಾರೆ. ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಬದ್ರುನ್ನೀಸಾ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು.

"ಮೊದ್ಲು ನೂರುನ್ನೀಸಾದು ಬರೀರಿ ಸಾರ್. ಆಮೇಲೆ ನಂದು."

"ಪುರಾವೆ ಏನೈತ್ರಿ ಅಮ್ಮಾ?"

"ಮಸೀದಿ ದಫನ್ ರಿಜಿಸ್ಟರೇ. ಫೋಟೋ ಗೇಟ್ ಹತ್ರ ಆಂಜನಮ್ಮನ ಮೊಬೈಲಲ್ಲಿದೆ. ನಿಮ್ಮೋರು ಅದನ್ನ ನೋಡೇ ನನ್ನ ಸಾಯಿಸಿದ್ರಲ್ಲ, ಈಗ ಬಲಗಡೆಯಿಂದ ಓದಿ. ಸತ್ತವಳ ಜಾಗದಲ್ಲಿ ನೂರುನ್ನೀಸಾ ಇದ್ದಾಳೆ, ತೊಳೆದವಳ ಜಾಗದಲ್ಲಿ ನನ್ನ ಹೆಸರಿದೆ. ಸಾಕ್ಷಿಗೆ ನಾನೇ ಸೈನ್ ಹಾಕ್ತೀನಿ."

"ಏಯ್ ಬೇಗ ಮಾಡ್ರೀ!" ಎಂದು ಸಾಲಿನ ಹಿಂದಿನಿಂದ ಒಬ್ಬ ಗಂಡಸು ಕೂಗಿದ. "ನೀನ್ ಸುಮ್ನಿರೋ," ಎಂದಳು ಮುಂದಿದ್ದ ಶಕೀಲಾ, "ನಿಮ್ಮಮ್ಮನ್ನ ತೊಳೆಯೋವಾಗ ಬೇಗ ಮಾಡಿ ಅಂದಿದ್ಯಾ?"

ಪಂಚಾಕ್ಷರಯ್ಯ ಕನ್ನಡಕ ಸರಿಪಡಿಸಿಕೊಂಡು, ಬೂತಿನಲ್ಲಿ ನಡೆದದ್ದನ್ನು ದಾಖಲಿಸುವ ಡೈರಿ ಎಳೆದುಕೊಂಡರು. ಪ್ರವೀಣನ ಕಡೆ ನೋಡದೆ ಬರೆಯತೊಡಗಿದರು. ನೂರುನ್ನೀಸಾಳ ಹೆಸರು, ಕ್ರಮಸಂಖ್ಯೆ, ಸತ್ತ ದಿನ. ಬರೆದದ್ದನ್ನು ಬದ್ರುನ್ನೀಸಾ ಅಕ್ಷರ ಅಕ್ಷರವಾಗಿ ಓದಿ, "ಏಜೆಂಟ್ ಏನ್ ಹೇಳ್ದ ಅಂತಾನೂ ಬರೀರಿ" ಎಂದಳು. ಅವರು ನಿಟ್ಟುಸಿರಿಟ್ಟು ಅದನ್ನೂ ಬರೆದರು. ಅವಳು ಸಹಿ ಹಾಕಿದಳು. ಆಮೇಲೆ ತನ್ನ ಹೆಸರಿನ ಮುಂದೆ ಸಹಿ, ಹೆಬ್ಬೆಟ್ಟು, ಬೆರಳಿಗೆ ಶಾಯಿ. ಯಂತ್ರದ ಗುಂಡಿ ಒತ್ತಿದಾಗ ಉದ್ದನೆಯ ಸದ್ದು ಕೇಳಿಸಿತು.

ಹೊರಗೆ ಬಂದಾಗ ಆಂಜನಮ್ಮ ಎದ್ದು ನಿಂತಿದ್ದಳು. "ಆಯ್ತಾ ಆಪಾ?"

"ನಂದಾಯ್ತು. ಆ ಪುಟದಲ್ಲಿ ನೂರುನ್ನೀಸಾ ಬಿಟ್ಟು ಇನ್ನೂ ಐದು ಜನ ಸತ್ತೋರಿದ್ದಾರೆ, ನಿಮ್ಮ ಪಟ್ಟಿಯಲ್ಲಿ ಮಾತ್ರ ಬದುಕಿದ್ದಾರೆ," ಎಂದಳು ಬದ್ರುನ್ನೀಸಾ, ಮೇಜಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತ. "ಸಂಜೆ ಆರರ ತನಕ ಇಲ್ಲೇ ಇರ್ತೀನಿ. ಅವರ ಹೆಸರು ಹೇಳ್ಕೊಂಡು ಯಾರ್ ಬರ್ತಾರೋ ನೋಡ್ತೀನಿ. ಎಲ್ಲರ ಮುಖಾನೂ ನಂಗೊತ್ತು."